ರಿವಾಲ್ವರ್‌ಗೆ ಚರ್ಮದ ಹೋಲ್ಸ್ಟರೋ, ಗಟ್ಟಿ ಪ್ಲಾಸ್ಟಿಕ್‌ನದೋ? ಕೊಡಗಿನ ಮಳೆಗೆ ಯಾವುದು ತಕ್ಕದ್ದು?

ಸೇನೆಯಲ್ಲಿ ಆರ್ಮರರ್ (ಆಯುಧಗಳ ದುರಸ್ತಿಗಾರ) ಆಗಿದ್ದು ನಿವೃತ್ತರಾಗಿ, ಈಗ ಮಡಿಕೇರಿಯಲ್ಲಿ ಕೋವಿ ದುರಸ್ತಿಯ ಕೆಲಸ ಮಾಡುತ್ತಿರುವ ಸುಬೇದಾರರು ಸದಸ್ಯರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ (ನಾಪೋಕ್ಲು ಕಡೆಯ ಕಾಫಿ ಬೆಳೆಗಾರರು):

ಸುಬೇದಾರ್ ಸಾಹೇಬರಿಗೆ ನಮಸ್ಕಾರ. ನನ್ನ ಹೆಸರಿಗೆ ಪರವಾನಗಿ ಸಿಕ್ಕಿದ ಮೇಲೆ ಆರ್ಡ್‌ನೆನ್ಸ್ ಕಾರ್ಖಾನೆಯ .32 ರಿವಾಲ್ವರ್ ಕೊಂಡಿದ್ದೇನೆ. ತೋಟದ ಆಳುಗಳ ಬಟವಾಡೆಗೆ ಹಣ ತರುವ ದಿನ ಅದನ್ನು ಸೊಂಟದಲ್ಲಿ ಇಟ್ಟುಕೊಂಡು ಜೀಪಿನಲ್ಲಿ ಹೋಗಿಬರುತ್ತೇನೆ. ಅಂಗಡಿಯವರು ಜೊತೆಗೆ ಮೆತ್ತನೆಯ ಚರ್ಮದ ಹೋಲ್ಸ್ಟರ್ (ಆಯುಧ ಇಡುವ ಒರೆ) ಒಂದನ್ನು ಕೊಟ್ಟಿದ್ದಾರೆ. ಮಗನಾದರೋ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದೇ ಒಳ್ಳೆಯದು, ಅದನ್ನೇ ತರಿಸೋಣ ಎನ್ನುತ್ತಿದ್ದಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸುರಿಯುವ ಮಳೆಗೆ ಇವೆರಡರಲ್ಲಿ ಯಾವುದು ಸರಿ?

ಉತ್ತರ:

ನಮಸ್ಕಾರ. ಚರ್ಮವೋ ಪ್ಲಾಸ್ಟಿಕ್ಕೋ ಎನ್ನುವುದಕ್ಕಿಂತ ಮೊದಲು, ಆ ಹೋಲ್ಸ್ಟರ್ ನಿಮ್ಮ ಕೈಯಲ್ಲಿರುವ ರಿವಾಲ್ವರಿನ ಅಳತೆಗೇ ಮಾಡಿದ್ದೋ ಅಲ್ಲವೋ ಎಂಬುದನ್ನು ನೋಡಬೇಕು. ಅಳತೆಗೆ ಮಾಡಿದ್ದಾದರೆ ಮಳೆಗಾಲಕ್ಕೆ ಗಟ್ಟಿ ಪ್ಲಾಸ್ಟಿಕ್‌ನದೇ ಮೇಲು ಎಂದು ಅನುಮಾನವಿಲ್ಲದೆ ಹೇಳುತ್ತೇನೆ. ಎಲ್ಲ ಪಿಸ್ತೂಲು ರಿವಾಲ್ವರುಗಳಿಗೂ ಹೊಂದುತ್ತದೆ ಎಂದು ಮಾರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಿಂತ ಮಾತ್ರ, ಒಳ್ಳೆಯ ಕೆಲಸಗಾರ ನಿಮ್ಮ ರಿವಾಲ್ವರನ್ನೇ ಮುಂದಿಟ್ಟುಕೊಂಡು ಹೊಲಿದುಕೊಟ್ಟ ಚರ್ಮದ ಹೋಲ್ಸ್ಟರ್ ಎಷ್ಟೋ ವಾಸಿ.

ಕೈಡೆಕ್ಸ್ ಎಂಬುದು ಅಕ್ರಿಲಿಕ್ ಮತ್ತು ಪಿವಿಸಿ ಬೆರೆಸಿ ಮಾಡಿದ ಹಾಳೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ವಿಮಾನಗಳ ಒಳಭಾಗಕ್ಕೆಂದು ತಯಾರಿಸಿದ್ದರು, ಹೋಲ್ಸ್ಟರಿಗೆ ಬಳಸತೊಡಗಿದ್ದು ಆಮೇಲೆ. ಹಾಳೆಯನ್ನು ಮೆತ್ತಗಾಗುವ ತನಕ ಬಿಸಿಮಾಡಿ, ಆಯುಧದ ಮೇಲೋ ಅದರ ಅಚ್ಚಿನ ಮೇಲೋ ಒತ್ತಿ, ತಣಿದ ಮೇಲೆ ಅಂಚು ಕತ್ತರಿಸಿ ರಿವೆಟ್ ಹಾಕುತ್ತಾರೆ. ಹೀಗೆ ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರನ್ನು ಬಳಸಿರುವ ಲೋಹದ ಬಳೆಯ ಸುತ್ತ ಮೂಡಿದ ಆಕಾರವೇ ಆಯುಧವನ್ನು ಹಿಡಿದಿಡುವುದರಿಂದ ಅದಕ್ಕೆ ಪಟ್ಟಿಯೋ ಗುಂಡಿಯೋ ಬೇಕೆಂದಿಲ್ಲ, ಮತ್ತು ಆಯುಧವನ್ನು ಹೊರತೆಗೆದ ಮೇಲೂ ಬಾಯಿ ತೆರೆದೇ ಇರುತ್ತದೆ. ನೀರನ್ನು ಅದು ಹೀರುವುದಿಲ್ಲ. ನೆನೆದರೆ ಒರೆಸಿ ಒಣಬಟ್ಟೆ ಹಾಯಿಸಿದರೆ ಮುಗಿಯಿತು. ಅಚ್ಚು ನಿಮ್ಮ ಮಾದರಿಯದಲ್ಲದಿದ್ದರೆ ಮಾತ್ರ ಈ ಗುಣಗಳೇ ದೋಷಗಳಾಗುತ್ತವೆ, ಏಕೆಂದರೆ ಗಟ್ಟಿ ಪ್ಲಾಸ್ಟಿಕ್ ಎಲ್ಲಿಯೂ ಬಗ್ಗಿ ಹೊಂದಿಕೊಳ್ಳುವುದಿಲ್ಲ. ನೀವು ಕೊಂಡಿರುವುದು ಹಳೆಯ ವೆಬ್ಲಿ ರಿವಾಲ್ವರಿನಂತೆ ನಳಿಕೆಯನ್ನು ಕೆಳಗೆ ಬಗ್ಗಿಸಿ ತೆರೆಯುವ ಮಾದರಿಯಾದರೆ, ತೆರೆಯುವ ಸನ್ನೆ ಹ್ಯಾಮರಿನ (ತೋಟಾ ಸಿಡಿಸಲು ಬಡಿಯುವ ಭಾಗದ) ಪಕ್ಕದಲ್ಲಿ, ಎಡಬದಿಯಲ್ಲಿ ಹೊರಚಾಚಿರುತ್ತದೆ. ಬೇರೆ ಅಚ್ಚಿನ ಹೋಲ್ಸ್ಟರಿನ ಗೋಡೆ ಅದನ್ನು ಒತ್ತುತ್ತಿದೆಯೇ ಎಂದು ನೋಡದೆ ದುಡ್ಡು ಕೊಡಬೇಡಿ.

ಇನ್ನು ಚರ್ಮದ ಮಾತು. ಚರ್ಮಕ್ಕೆ ನಾನು ವಿರೋಧಿಯಲ್ಲ. ಇಡೀ ದಿನ ಸೊಂಟದಲ್ಲಿದ್ದರೂ ಅದು ಮೈಗೆ ಒತ್ತುವುದಿಲ್ಲ, ಸದ್ದು ಮಾಡುವುದಿಲ್ಲ, ಉಕ್ಕಿನ ಕಪ್ಪು ಬಣ್ಣವನ್ನೂ ಅಷ್ಟಾಗಿ ಉಜ್ಜುವುದಿಲ್ಲ. ಆದರೆ ಅದು ತೇವವನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ; ಹೊರಗೆ ಕೈಗೆ ಒಣಗಿದಂತೆ ಸಿಕ್ಕಿದರೂ ಒಳಪದರದ ತೇವ ಉಕ್ಕಿಗೆ ಅಂಟಿಕೊಂಡೇ ಇರುತ್ತದೆ. ದುರಸ್ತಿಗೆ ಬರುವ ರಿವಾಲ್ವರುಗಳಲ್ಲಿ ತುಕ್ಕು ಮೊದಲು ಕಾಣುವುದು ಚರ್ಮ ಬಿಗಿಯಾಗಿ ತಾಗುವ ಜಾಗಗಳಲ್ಲಿ, ಅಂದರೆ ಸಿಲಿಂಡರಿನ ಉಬ್ಬಿನ ಮೇಲೆ ಮತ್ತು ನಳಿಕೆಯ ತುದಿಯ ಒಂದು ಪಕ್ಕದಲ್ಲಿ. ಮೊದಲಿಗೆ ಅದು ಕಂದು ಪುಡಿಯಂತೆ ಬೆರಳಿಗೆ ಹತ್ತುತ್ತದೆ. ಆ ಹಂತದಲ್ಲಿ ಎಣ್ಣೆಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಬಿಟ್ಟರೆ ಉಕ್ಕಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು ಏನು ಮಾಡಿದರೂ ಹೋಗುವುದಿಲ್ಲ.

ಅಂಗಡಿಯವರು ಕೊಟ್ಟಿರುವ ಮೆತ್ತನೆಯ ಹೋಲ್ಸ್ಟರನ್ನು ಮಳೆಗಾಲಕ್ಕೂ ಬೇಡ, ಬೇಸಿಗೆಗೂ ಬೇಡ ಎಂದು ಬದಿಗಿಡುವುದೇ ಸರಿ. ಅದರ ಕಾರಣವನ್ನು ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಪ್ರಶ್ನೆ (ಸೋಮವಾರಪೇಟೆಯ ಹಿರಿಯ ಸದಸ್ಯರು):

ನಮ್ಮ ತಂದೆಯವರ ಕಾಲದ ಚರ್ಮದ ಹೋಲ್ಸ್ಟರ್ ನನ್ನ ಬಳಿ ಇದೆ. ಹೊಲಿಗೆ ಇನ್ನೂ ಗಟ್ಟಿಯಾಗಿದೆ, ಆದರೆ ಚರ್ಮ ಮೆತ್ತಗಾಗಿ ಬಾಯಿ ಮಡಚಿಕೊಳ್ಳುತ್ತದೆ, ಪ್ರತಿ ಮಳೆಗಾಲದಲ್ಲಿಯೂ ಬೂಷ್ಟು ಹಿಡಿಯುತ್ತದೆ. ಎಣ್ಣೆ ಹಚ್ಚಿ ಹದಕ್ಕೆ ತರಬಹುದೇ?

ಉತ್ತರ:

ಬೂಷ್ಟನ್ನು ತೆಗೆಯಬಹುದು. ಒಣಬಟ್ಟೆಯಿಂದ ಹೊರಗಡೆ ಒರೆಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಕೆಲವು ದಿನ ಬಿಡಿ. ಒಲೆಯ ಮೇಲಿನ ಅಟ್ಟದಲ್ಲಿಯೋ ಬಿಸಿಲಿನಲ್ಲಿಯೋ ಒಣಗಿಸಿದರೆ ಚರ್ಮ ಸೆಟೆದು ಬಿರಿಯುತ್ತದೆ. ಮಡಚಿಕೊಳ್ಳುವ ಬಾಯಿಗೆ ಮಾತ್ರ ಎಣ್ಣೆ ಮದ್ದಲ್ಲ. ಎಣ್ಣೆ ಚರ್ಮವನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ತೆಂಗಿನೆಣ್ಣೆಯನ್ನಂತೂ ದಯವಿಟ್ಟು ಯಾರೂ ಹಚ್ಚಬೇಡಿ.

ಬಾಯಿ ಮಡಚಿಕೊಳ್ಳುವ ಹೋಲ್ಸ್ಟರಿನ ಅಪಾಯ ಆಯುಧವನ್ನು ತೆಗೆಯುವಾಗ ಇರುವುದಲ್ಲ, ಮರಳಿ ಇಡುವಾಗ ಇರುವುದು. ಒಳಕ್ಕೆ ಮಡಚಿದ ಚರ್ಮದ ಅಂಚು ನಾಲಿಗೆಯಂತೆ ಟ್ರಿಗರ್ ಗಾರ್ಡಿನೊಳಗೆ ನುಗ್ಗುತ್ತದೆ. ನೀವು ಆಯುಧವನ್ನು ಕೆಳಗೆ ಒತ್ತುತ್ತಿದ್ದಂತೆ ಚರ್ಮದ ಆ ಮಡಿಕೆಯೇ ಟ್ರಿಗರನ್ನು ಹಿಂದಕ್ಕೆ ದಬ್ಬುತ್ತದೆ, ನಿಮ್ಮ ಬೆರಳು ಅದರ ಹತ್ತಿರ ಇಲ್ಲದಿದ್ದರೂ ಗುಂಡು ಹಾರುತ್ತದೆ. ಗುಂಡು ಹೋಗುವುದು ತೊಡೆಗೋ ಪಾದಕ್ಕೋ. ಡಬಲ್ ಆ್ಯಕ್ಷನ್ ರಿವಾಲ್ವರಿನ, ಅಂದರೆ ಟ್ರಿಗರ್ ಎಳೆದರೇ ಹ್ಯಾಮರ್ ಹಿಂದಕ್ಕೆ ಹೋಗಿ ಬಡಿಯುವಂಥದರ, ಟ್ರಿಗರ್ ಎಳೆತ ಉದ್ದವೂ ಬಿಗಿಯೂ ಆಗಿರುವುದರಿಂದ ಅಪಾಯ ಸ್ವಲ್ಪ ಕಡಿಮೆ. ಹಗುರವಾದ ಟ್ರಿಗರ್ ಇರುವ ಪಿಸ್ತೂಲಿನಲ್ಲಿ ಹೆಚ್ಚು. ಆದ್ದರಿಂದ ಬಾಯಿಯ ಅಂಚಿಗೆ ಇನ್ನೊಂದು ಪದರ ಚರ್ಮವನ್ನೋ ತೆಳು ಲೋಹದ ಪಟ್ಟಿಯನ್ನೋ ಸೇರಿಸಿ ಹೊಲಿದು ಗಟ್ಟಿಮಾಡಿದ ಹೋಲ್ಸ್ಟರನ್ನು ಮಾತ್ರ ಬಳಸಬೇಕು. ತಂದೆಯವರದನ್ನು ಐನ್‌ಮನೆಯ (ಕುಟುಂಬದ ಮೂಲಮನೆಯ) ಗೋಡೆಯ ಮೇಲೆ ಗೌರವದಿಂದ ಇಡಿ, ಸೊಂಟಕ್ಕೆ ಬೇಡ.

ಹೊಸದಾಗಿ ಹೊಲಿಸುವುದಾದರೆ ಚರ್ಮ ಹೇಗೆ ಹದವಾದದ್ದು ಎಂದು ಕೇಳಿ. ಅಳಲೆಕಾಯಿ, ತಂಗಡಿ ತೊಗಟೆಯಂಥ ಸಸ್ಯಮೂಲದಿಂದ ಹದಮಾಡಿದ ಚರ್ಮವನ್ನು ನೆನೆಸಿ ಆಯುಧದ ಆಕಾರಕ್ಕೆ ಒತ್ತಿದರೆ, ಒಣಗಿದ ಮೇಲೆ ಅದು ಆ ಆಕಾರವನ್ನು ಬಿಡುವುದಿಲ್ಲ. ಮೂರು ಮಿಲಿಮೀಟರಿಗೆ ಮೇಲ್ಪಟ್ಟ ದಪ್ಪವೂ ಇರಲಿ. ಚಪ್ಪಲಿ, ಜಾಕೆಟ್ಟುಗಳಿಗೆ ಬಳಸುವ, ಕ್ರೋಮಿಯಂ ಲವಣದಿಂದ ಹದಮಾಡಿದ ಕ್ರೋಮ್ ಚರ್ಮ ಅಗ್ಗ ಮತ್ತು ಮೆತ್ತನೆ, ಆದರೆ ಅದು ಆಕಾರ ಹಿಡಿಯುವುದಿಲ್ಲ, ಅದರಲ್ಲಿ ಉಳಿಯುವ ಲವಣಗಳು ತೇವದ ದಿನಗಳಲ್ಲಿ ಲೋಹವನ್ನು ತಿನ್ನುತ್ತವೆ. ಚರ್ಮದ ಕುಣಿಕೆಗಳಲ್ಲಿ ಸಿಕ್ಕಿಸಿಟ್ಟ ತೋಟಾಗಳನ್ನು ಒಮ್ಮೆ ಹೊರಕ್ಕೆಳೆದು ನೋಡಿ: ಹಿತ್ತಾಳೆಯ ಮೇಲೆ ಕುಣಿಕೆಯ ಅಗಲಕ್ಕೆ ಸರಿಯಾಗಿ ಹಸಿರು ಕಿಲುಬಿನ ಉಂಗುರ ಕಟ್ಟಿರುತ್ತದೆ. ಅಂಥ ತೋಟಾ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳಬಹುದು.

ಪ್ರಶ್ನೆ (ವಿರಾಜಪೇಟೆಯ ಸದಸ್ಯೆ, ತೋಟ ಮತ್ತು ಹೋಮ್‌ಸ್ಟೇ ನೋಡಿಕೊಳ್ಳುವವರು):

ನಾನು ಸೀರೆ ಅಥವಾ ಚೂಡಿದಾರ ಉಡುವವಳು, ಸೊಂಟಕ್ಕೆ ಬೆಲ್ಟ್ ಇರುವುದಿಲ್ಲ. .32 ಪಿಸ್ತೂಲನ್ನು ವ್ಯಾನಿಟಿ ಬ್ಯಾಗಿನಲ್ಲಿಯೇ ಒಯ್ಯುತ್ತಿದ್ದೇನೆ. ಬ್ಯಾಗಿನಲ್ಲಿದ್ದ ಮೇಲೆ ಹೋಲ್ಸ್ಟರ್ ಬೇರೆ ಏಕೆ ಬೇಕು? ಜೊತೆಗೆ, ಕೊಡವರಿಗೆ ಪರವಾನಗಿಯಿಂದ ಇರುವ ವಿನಾಯಿತಿ ಪಿಸ್ತೂಲಿಗೂ ಅನ್ವಯಿಸುತ್ತದೆ ಎಂದು ಒಬ್ಬರು ಹೇಳಿದರು, ಅದು ನಿಜವೇ?

ಉತ್ತರ:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ ತಂಗಿ, ಏಕೆಂದರೆ ಈ ತಪ್ಪು ಕಲ್ಪನೆ ಬಹಳ ಜನರಲ್ಲಿದೆ. 1959ರ ಆಯುಧ ಕಾಯಿದೆಯಡಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಇರುವುದು ರೈಫಲ್ ಮತ್ತು ಉದ್ದ ಕೋವಿಗಳಿಗೆ. ಪಿಸ್ತೂಲು, ರಿವಾಲ್ವರುಗಳಿಗೆ ಕೊಡವರೂ ಎಲ್ಲರಂತೆ ಪರವಾನಗಿ ಪಡೆಯಲೇಬೇಕು.

ಇನ್ನು ಬ್ಯಾಗಿನ ವಿಷಯ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅಥವಾ ರಿವಾಲ್ವರನ್ನು ಹೋಲ್ಸ್ಟರಿನಲ್ಲಿಯೋ ಚೀಲದಲ್ಲಿಯೋ ಒಯ್ಯಬಹುದು, ಆದರೆ ಅದು ಪೂರ್ತಿ ಮುಚ್ಚಿರಬೇಕು ಮತ್ತು ಒಯ್ಯುವವರ ಹತೋಟಿಯಲ್ಲಿರಬೇಕು. ಹೀಗಾಗಿ ಬ್ಯಾಗ್ ತಪ್ಪಲ್ಲ; ಬೀಗದ ಕೈ, ಪೆನ್ನು, ಬಾಚಣಿಗೆಗಳ ನಡುವೆ ಬರಿ ಪಿಸ್ತೂಲನ್ನು ಇಡುವುದು ತಪ್ಪು. ಟ್ರಿಗರ್ ಗಾರ್ಡಿನೊಳಗೆ ಬೀಗದ ಕೈ ಸಿಕ್ಕಿಕೊಂಡರೆ ಏನಾಗಬಹುದು ಎಂಬುದನ್ನು ಮೇಲೆಯೇ ಹೇಳಿದ್ದೇನೆ. ಬ್ಯಾಗಿನಲ್ಲಿ ಪಿಸ್ತೂಲಿಗೆಂದೇ ಒಂದು ಅರೆ ಇರಲಿ, ಅದರಲ್ಲಿ ಬೇರೇನನ್ನೂ ಹಾಕಬೇಡಿ. ಆ ಅರೆಯೊಳಗೆ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಹೋಲ್ಸ್ಟರನ್ನು ಅಲುಗದಂತೆ ಹೊಲಿಸಿ ಕೂರಿಸಿ. ನಿಮಗೆ ಚರ್ಮವನ್ನು ಸೂಚಿಸುವುದೇ ಇಲ್ಲ, ಏಕೆಂದರೆ ತುಂಬಿದ ಬ್ಯಾಗಿನಲ್ಲಿ ನಾಲ್ಕು ಕಡೆಯಿಂದಲೂ ಒತ್ತಡ ಬೀಳುತ್ತದೆ, ಆ ಒತ್ತಡವನ್ನು ಟ್ರಿಗರಿಗೆ ದಾಟಿಸದೆ ತಡೆಯುವುದು ಗಟ್ಟಿ ಗೋಡೆ ಮಾತ್ರ. ಹೋಮ್‌ಸ್ಟೇಗೆ ಮಕ್ಕಳೊಂದಿಗೆ ಬರುವ ಅತಿಥಿಗಳಿರುತ್ತಾರೆ. ಬ್ಯಾಗನ್ನು ಕುರ್ಚಿಯ ಮೇಲೆ ಬಿಟ್ಟು ಅಡುಗೆಮನೆಗೆ ಹೋಗುವ ಅಭ್ಯಾಸವಿದ್ದರೆ ಪಿಸ್ತೂಲು ಬ್ಯಾಗಿನಲ್ಲಿ ಇರಲೇಬಾರದು.

ಮದುವೆ, ಜಾತ್ರೆ, ಮಕ್ಕಳ ಶಾಲೆಯ ವಾರ್ಷಿಕೋತ್ಸವಗಳಿಗೆ ಅದನ್ನು ಒಯ್ಯಬೇಡಿ. ಜಾತ್ರೆ, ಜನಸಮೂಹ ಮತ್ತು ಶಾಲೆಗಳ ಆವರಣಕ್ಕೆ ನಿಷೇಧವಿರುವುದು ಪರವಾನಗಿಯ ಷರತ್ತುಗಳಲ್ಲಿಯೇ ಇದೆ.

ಪ್ರಶ್ನೆ (ನಾಪೋಕ್ಲು ಸದಸ್ಯರು ಮತ್ತೆ):

ಸಾಹೇಬರೇ, ಪ್ಲಾಸ್ಟಿಕ್‌ನದನ್ನೇ ತರಿಸುತ್ತೇನೆ. ಕೈಗೆ ಬಂದ ಮೇಲೆ ಅದು ಸರಿಯಿದೆಯೇ ಎಂದು ಮನೆಯಲ್ಲಿ ಪರೀಕ್ಷಿಸುವುದು ಹೇಗೆ? ತೋಟಕ್ಕೆ ಆನೆ ಬರುವ ಕಾಲದಲ್ಲಿಯೂ ಜೊತೆಗಿಟ್ಟುಕೊಳ್ಳಬೇಕೆಂದಿದ್ದೇನೆ. ಪ್ಲಾಸ್ಟಿಕ್ ರಿವಾಲ್ವರಿನ ಬಣ್ಣವನ್ನು ಕೆರೆದುಬಿಡುತ್ತದೆ ಎಂಬ ಮಾತು ನಿಜವೇ?

ಉತ್ತರ:

ಆನೆಯ ಮುಂದೆ .32 ರಿವಾಲ್ವರ್ ಇದ್ದೂ ಇಲ್ಲದ ಹಾಗೆ. ಆ ಭರವಸೆಯಲ್ಲಿ ಒಬ್ಬರೇ ಕಾಲುದಾರಿಯಲ್ಲಿ ಹೋಗಬೇಡಿ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ಪರೀಕ್ಷೆಗೆ ಮೊದಲು ಸಿಲಿಂಡರನ್ನು ತೆರೆದು ಆರೂ ಕೋಣೆಗಳು ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ. ತೋಟಾಗಳನ್ನು ಇನ್ನೊಂದು ಕೋಣೆಯಲ್ಲಿ ಇಟ್ಟು ಬನ್ನಿ. ಖಾಲಿ ರಿವಾಲ್ವರನ್ನು ಹೋಲ್ಸ್ಟರಿನಲ್ಲಿಟ್ಟು ಟ್ರಿಗರ್ ಗಾರ್ಡ್ ಇರುವ ಜಾಗವನ್ನು ಹೊರಗಿನಿಂದ ಹೆಬ್ಬೆರಳಿನಲ್ಲಿ ಬಲವಾಗಿ ಒತ್ತಿ. ಹ್ಯಾಮರ್ ಒಂದಿಷ್ಟು ಅಲುಗಿದರೂ ಅದನ್ನು ವಾಪಸ್ ಕಳಿಸಿ. ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಚೆನ್ನಾಗಿ ಕೊಡವಿದಾಗ ರಿವಾಲ್ವರ್ ಜಾರಬಾರದು, ಆದರೂ ಹಿಡಿದು ನೇರವಾಗಿ ಎಳೆದರೆ ಒಂದೇ ಕೈಗೆ ಬರಬೇಕು. ಈ ಬಿಗಿಯನ್ನು ಹೆಚ್ಚುಕಡಿಮೆ ಮಾಡಲು ಅಂಚಿನಲ್ಲಿ ತಿರುಪುಗಳಿರುತ್ತವೆ. ನಮ್ಮ ತೋಟದ ರಸ್ತೆಗಳಲ್ಲಿ ಜೀಪಿನ ಕುಲುಕಾಟಕ್ಕೆ ಅವು ತಾವಾಗಿಯೇ ಸಡಿಲವಾಗುವುದರಿಂದ, ಸರಿಹೊಂದಿಸಿದ ಮೇಲೆ ತಿರುಪು ಸಡಿಲವಾಗದಂತೆ ಹಾಕುವ ಅಂಟನ್ನು ಒಂದು ಹನಿ ಬಿಡಿ. ಕೂತು, ಎದ್ದು, ಸೀಟ್‌ಬೆಲ್ಟ್ ಹಾಕಿಯೂ ನೋಡಿ. ಮೆತ್ತನೆಯ ಬೆಲ್ಟಿನಲ್ಲಿ ಎಂಥ ಹೋಲ್ಸ್ಟರೂ ಜೋತುಬೀಳುತ್ತದೆ, ಎರಡು ಪದರದ ಗಟ್ಟಿ ಬೆಲ್ಟ್ ಬೇಕು.

ಬಣ್ಣದ ಮಾತು ನಿಜ. ಉಜ್ಜುವುದು ಬಹುಮಟ್ಟಿಗೆ ಪ್ಲಾಸ್ಟಿಕ್ ಅಲ್ಲ, ಅದರೊಳಗೆ ಸೇರಿದ ಮಣ್ಣು. ಕೆಂಪು ಮಣ್ಣಿನ ಧೂಳೂ ಮರಳಿನ ಕಣವೂ ಗೋಡೆಗೂ ಉಕ್ಕಿಗೂ ನಡುವೆ ಸಿಕ್ಕಿ ನಳಿಕೆಯ ತುದಿಯಲ್ಲಿ ಬಿಳಿಯ ಗೆರೆಗಳನ್ನು ಎಳೆಯುತ್ತವೆ, ಬಣ್ಣ ಹೋದ ಆ ಗೆರೆಯಲ್ಲಿಯೇ ತುಕ್ಕು ಮೊದಲು ಏಳುತ್ತದೆ. ವಾರಕ್ಕೊಮ್ಮೆ ಹೋಲ್ಸ್ಟರನ್ನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ರಿವಾಲ್ವರಿಗೆ ತೆಳುವಾಗಿ ಗನ್ ಆಯಿಲ್ ಸವರಿ. ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಖಾಲಿ ಹೋಲ್ಸ್ಟರನ್ನು ಬಿಸಿಲಿಗೆ ನಿಂತ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ, ಕೈಡೆಕ್ಸ್ ಬಿಸಿಗೆ ಸೊಟ್ಟಗಾಗುತ್ತದೆ. ರಿವಾಲ್ವರನ್ನಂತೂ ಜೀಪಿನಲ್ಲಿ ಬಿಟ್ಟು ಇಳಿಯುವಂತೆಯೇ ಇಲ್ಲ.

ಪ್ರಶ್ನೆ (ಪೊನ್ನಂಪೇಟೆಯ ಸದಸ್ಯರು):

ಚುನಾವಣೆ ಬಂದಾಗ ಆಯುಧವನ್ನು ಠಾಣೆಯಲ್ಲಿ ಒಪ್ಪಿಸಲು ಹೇಳುತ್ತಾರಲ್ಲ, ಆಗ ಹೋಲ್ಸ್ಟರ್ ಸಮೇತ ಕೊಡುವುದು ಒಳ್ಳೆಯದೇ? ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಪೂಜೆಗೆ ಹೋಲ್ಸ್ಟರಿನಲ್ಲಿಯೇ ಇಡಬಹುದೇ?

ಉತ್ತರ:

ಒಪ್ಪಿಸುವಾಗ ಹೋಲ್ಸ್ಟರನ್ನು ಮನೆಯಲ್ಲಿಯೇ ಬಿಡಿ, ಚರ್ಮದ್ದಾದರೆ ಖಂಡಿತವಾಗಿ ಬಿಡಿ. ವಾರಗಟ್ಟಲೆ ಚರ್ಮದೊಳಗೆ ಮುಚ್ಚಿದ ಉಕ್ಕು ತುಕ್ಕು ಹಿಡಿಯದೆ ಇರಲಾರದು. ನಳಿಕೆಯ ಒಳಗೂ ಹೊರಗೂ ಎಣ್ಣೆ ಸವರಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಚೀಲದಲ್ಲಿಟ್ಟು ಕೊಡಿ, ಆಯುಧದ ಸಂಖ್ಯೆ ಬರೆದ ರಸೀದಿ ಪಡೆಯಿರಿ. ಮನೆಯಲ್ಲಿ ಬೀಗ ಹಾಕಿ ಇಡುವಾಗಲೂ ಇದೇ ಕ್ರಮ. ಹೋಲ್ಸ್ಟರ್ ಇರುವುದು ಒಯ್ಯಲಿಕ್ಕೆ, ಇಟ್ಟುಕೊಳ್ಳಲಿಕ್ಕಲ್ಲ.

ಪೂಜೆಗೆ ಖಾಲಿ ಮಾಡಿ, ಹೊರತೆಗೆದೇ ಇಡಿ. ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲಲ್ಲಿ, ಗಾಳಿಯಲ್ಲಿ ಇನ್ನೂ ತೇವವಿರುತ್ತದೆ. ಹಸಿ ಗಂಧವೂ ಕೋವಿಗೆ ಮುಡಿಸುವ ತೋಕ್‌ಪೂವಿನ ನೀರೂ ಉಕ್ಕಿನ ಮೇಲೆಯೇ ಉಳಿದರೆ ಮರುದಿನಕ್ಕೆ ಕಲೆ ಕಟ್ಟುತ್ತದೆ, ಆದ್ದರಿಂದ ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಸವರಿ ಒಳಗಿಡಿ.