ಹಡಗು ಆರಿಸುವ ಮೊದಲು ವರ್ಷ ಆರಿಸೋಣ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸ್ಯಾಂಡ್‌ಪೇಪರ್ ಉಜ್ಜುತ್ತಾ ಕೇಳಿ. ನಮ್ಮ ಹಡಗು ಮಾದರಿ ಗುಂಪಿನ ಮುಂದಿನ ಗ್ರೂಪ್ ಬಿಲ್ಡ್ (ಎಲ್ಲರೂ ಒಂದೇ ವಿಷಯಕ್ಕೆ ಮಾದರಿ ಕಟ್ಟುವುದು) ಬಗ್ಗೆ ಅಣ್ಣ ನಿನ್ನೆ ಎರಡು ಪ್ರಶ್ನೆ ಕೇಳಿದ್ದರಲ್ಲ, ಅದಕ್ಕೆ ನನ್ನ ಉತ್ತರ ಇದು. ಎಲ್ಲರೂ ಬೇರೆ ಬೇರೆ ಹಡಗು ಮಾಡಿ, ಕೊನೆಗೆ ಒಂದೇ ಸಮುದ್ರದ ಮೇಲೆ ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಕಾನ್ವಾಯ್ (ಬೆಂಗಾವಲಿನ ಜೊತೆ ಸಾಲಾಗಿ ಹೋಗುವ ಸರಕು ಹಡಗುಗಳ ಗುಂಪು) ಆಗಿ ಜೋಡಿಸಬಹುದಾ ಅನ್ನುವುದು ಮೊದಲನೆಯದು. ಹೋದ ಸಲದ ಹಾಗೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ನಡುವೆ ಬಿಟ್ಟರೆ ಏನು ಗತಿ ಅನ್ನುವುದು ಎರಡನೆಯದು. ಕೆಳಗೆ ಬಂದ ಉತ್ತರಗಳನ್ನೂ ನೋಡಿದೆ. ಒಬ್ಬರಿಗೆ ಜರ್ಮನ್ ಬ್ಯಾಟಲ್‌ಶಿಪ್ ಬಿಸ್ಮಾರ್ಕ್ ಬೇಕು, ಒಬ್ಬರಿಗೆ ಅಮೆರಿಕದ ಡಿಸ್ಟ್ರಾಯರ್ ಫ್ಲೆಚರ್ ಬೇಕು, ಮತ್ತೊಬ್ಬರು 1/350 ಸ್ಕೇಲ್ (ನಿಜ ಹಡಗಿನ 350ರಲ್ಲಿ ಒಂದು ಪಾಲು) ಬಿಟ್ಟು ಕೆಳಗೆ ಇಳಿಯುವುದೇ ಇಲ್ಲ ಅಂದಿದ್ದಾರೆ.

ಎರಡನೇ ಪ್ರಶ್ನೆ ಮೊದಲು ಎತ್ತಿಕೊಳ್ಳುತ್ತೇನೆ. ಬಿಡುವವರು ಬಿಟ್ಟೇ ಬಿಡುತ್ತಾರೆ. ಕೆಲಸ, ಮನೆ, ಕಣ್ಣು, ಏನೋ ಒಂದು ಇರುತ್ತದೆ. ಎಷ್ಟು ನಿಯಮ ಬರೆದರೂ ಅದು ನಿಲ್ಲುವುದಿಲ್ಲ. ಯಾರು ಬಿಟ್ಟರೂ ಉಳಿದದ್ದು ಪೂರ್ತಿಯಾಗಿ ಕಾಣುವ ಹಾಗೆ ಯೋಜನೆ ಹಾಕುವುದು ಮಾತ್ರ ನಮ್ಮ ಕೈಯಲ್ಲಿದೆ. ಒಂದೇ ದೊಡ್ಡ ಹಡಗನ್ನು ಭಾಗ ಮಾಡಿ ಹಂಚಿಕೊಂಡರೆ, ಒಬ್ಬರ ಮಾಸ್ಟ್ ಬರದೆ ಎಲ್ಲರ ಕೆಲಸ ನಿಲ್ಲುತ್ತದೆ. ಬಿಸ್ಮಾರ್ಕ್ ಮತ್ತು ಅದು ಮುಳುಗಿಸಿದ ಬ್ರಿಟಿಷ್ ಹಡಗು ಹುಡ್ ಜೋಡಿ ಅಂತ ಹೊರಟರೆ, ಹುಡ್ ಒಪ್ಪಿಕೊಂಡವರು ಕೈ ಎತ್ತಿದ ದಿನ ಕಥೆ ಮುಗಿಯಿತು. ಕಾನ್ವಾಯ್‌ನಲ್ಲಿ ಆ ತೊಂದರೆ ಇಲ್ಲ. ಹತ್ತು ಹಡಗು ಬಂದರೂ ಕಾನ್ವಾಯ್, ಆರು ಬಂದರೂ ಕಾನ್ವಾಯ್. ಅದಕ್ಕೇ ಅಣ್ಣನ ಐಡಿಯಾಗೆ ನನ್ನ ಪೂರ್ತಿ ವೋಟು.

ನಾವೆಲ್ಲ ದಿನಾ ಕೈಯಲ್ಲಿ ಹಿಡಿಯುವ 1/700 ವಾಟರ್‌ಲೈನ್ ಕಿಟ್‌ಗಳು ಬಂದದ್ದೂ ಹೀಗೇ ಅಲ್ವಾ? 1971ರಲ್ಲಿ ಜಪಾನಿನ ಶಿಜುವೊಕಾದ ನಾಲ್ಕು ಕಂಪನಿಗಳು, ಟಮಿಯಾ, ಹಸೆಗಾವಾ, ಅವೊಶಿಮಾ, ಫುಜಿಮಿ, ಒಟ್ಟಿಗೆ ಕೂತು ಜಪಾನಿ ನೌಕಾಪಡೆಯ ಹಡಗುಗಳನ್ನು ಹಂಚಿಕೊಂಡವು. ಎಲ್ಲರಿಗೂ ಸ್ಕೇಲ್ ಒಂದೇ, ಎಲ್ಲರೂ ನೀರಿನ ಮಟ್ಟಕ್ಕೆ ಕತ್ತರಿಸಿದ ಹಲ್ (ಹಡಗಿನ ಒಡಲು) ಮಾಡಬೇಕು, ಅಷ್ಟೇ ಒಪ್ಪಂದ. 1992ರಲ್ಲಿ ಫುಜಿಮಿ ಹೊರಗೆ ಹೋಯಿತು. ಉಳಿದ ಮೂವರು ಫುಜಿಮಿಯ ಪಾಲಿನ ಹಡಗುಗಳನ್ನೂ ಹೊಸದಾಗಿ ಮಾಡಿ ಖಾಲಿ ಜಾಗ ತುಂಬಿಸಿದರು. ನಮ್ಮ ಗ್ರೂಪ್ ಬಿಲ್ಡ್‌ಗೂ ಒಪ್ಪಂದ ಅಷ್ಟೇ ಚಿಕ್ಕದಾಗಿರಲಿ ಅನ್ನುತ್ತೇನೆ.

ಇನ್ನು ಸ್ಕೇಲ್. ಇದರಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ, 1/700. ಲೆಕ್ಕ ಹಾಕಿ ನೋಡಿ. ಯುದ್ಧಕಾಲದಲ್ಲಿ ಅಮೆರಿಕ ರಾಶಿ ರಾಶಿ ಕಟ್ಟಿದ ಸರಕು ಹಡಗು ಲಿಬರ್ಟಿಯ ನಿಜವಾದ ಉದ್ದ ಸುಮಾರು 134.6 ಮೀಟರ್. 1/350ರಲ್ಲಿ ಅದು 38 ಸೆಂ.ಮೀ. ಆಗುತ್ತದೆ, 1/700ರಲ್ಲಿ 19. ಫ್ಲವರ್ ಕ್ಲಾಸ್ ಕಾರ್ವೆಟ್, ಅಂದರೆ ಕಾನ್ವಾಯ್ ಕಾಯುವ ಚಿಕ್ಕ ಬೆಂಗಾವಲು ಹಡಗು, 62.5 ಮೀಟರ್. 1/72ರ ಆ ಪ್ರಸಿದ್ಧ ಕಿಟ್‌ನಲ್ಲಿ ಅದೇ ಹಡಗು 87 ಸೆಂ.ಮೀ. ಬರುತ್ತದೆ, 1/700ರಲ್ಲಿ ಅಂಗೈ ಮೇಲೆ ಕೂರುವ 9 ಸೆಂ.ಮೀ. ಒಂದು ಮೇಜಿನ ಮೇಲೆ ಹತ್ತು ಹಡಗು ಕೂರಬೇಕು ಅಂದರೆ ಬೇರೆ ದಾರಿ ಇಲ್ಲ. 1/350 ಪ್ರೇಮಿಗಳು ಕೋಪ ಮಾಡಿಕೊಳ್ಳಬೇಡಿ.

ಆದರೆ 1/700ರಲ್ಲೂ ನಿಜವಾದ ಅಂತರ ಇಟ್ಟರೆ ಕೆಲಸ ಕೆಡುತ್ತದೆ. ಕಾನ್ವಾಯ್‌ನಲ್ಲಿ ಒಂದು ಸಾಲಿಗೂ ಪಕ್ಕದ ಸಾಲಿಗೂ ಸುಮಾರು 1000 ಗಜ ಬಿಡುತ್ತಿದ್ದರು. ಅದು 914 ಮೀಟರ್. 1/700ರಲ್ಲಿ 1.3 ಮೀಟರ್! ಒಂಬತ್ತು ಸಾಲು ಹಾಕಿದರೆ ಬರೀ ಅಡ್ಡಗಲವೇ ಹತ್ತು ಮೀಟರ್ ದಾಟುತ್ತದೆ. ಮೇಜು ಬಿಡಿ, ಹಾಲ್ ಬೇಕು. ಹಾಗಾಗಿ ಅಂತರವನ್ನು ಧೈರ್ಯವಾಗಿ ಕುಗ್ಗಿಸೋಣ. ಸಾಲಿನಿಂದ ಸಾಲಿಗೆ 20 ಸೆಂ.ಮೀ. ಇದ್ದರೆ ಕಣ್ಣಿಗೆ ಹಿತವಾಗಿರುತ್ತದೆ. ಯಾರಾದರೂ ಬಂದು ಇದು ತಪ್ಪು ಅಂದರೆ, ಹೌದು ತಪ್ಪು, ಜಾಗ ಕೊಡಿ ಅನ್ನಿ. ಆಕಾರ ಮಾತ್ರ ನಿಜದ ಹಾಗೆ ಇರಲಿ. ಕಾನ್ವಾಯ್ ಉದ್ದಕ್ಕಿಂತ ಅಗಲ ಜಾಸ್ತಿ ಇರುತ್ತಿತ್ತು, ಪಕ್ಕದಿಂದ ಬರುವ ಟಾರ್ಪಿಡೊಗೆ ಸಿಗುವ ಗುರಿ ಕಡಿಮೆ ಆಗಲಿ ಅಂತ. ಟ್ಯಾಂಕರ್‌ಗಳನ್ನೂ ಮದ್ದುಗುಂಡು ಹೊತ್ತ ಹಡಗುಗಳನ್ನೂ ಒಳಗಿನ ಸಾಲುಗಳಲ್ಲಿ ಇಡುತ್ತಿದ್ದರು. ಬದುಕಿ ಉಳಿದವರನ್ನು ನೀರಿನಿಂದ ಎತ್ತುವ ರೆಸ್ಕ್ಯೂ ಶಿಪ್ ಹಿಂದೆ ಇರುತ್ತಿತ್ತು. ಸರಕು ಹಡಗುಗಳ ಮುಖ್ಯಸ್ಥ ಕಮೊಡೋರ್ ಇದ್ದ ಹಡಗು ನಡುವಿನ ಸಾಲಿನ ಮೊದಲಿಗೆ.

ಇಲ್ಲೇ ನಮ್ಮ ಹೆಸರು ಬರೆಸುವ ಪಟ್ಟಿಯೂ ಸಿಕ್ಕಿತು. ಅಂದಿನ ಕಾನ್ವಾಯ್‌ನಲ್ಲಿ ಪ್ರತಿ ಹಡಗಿಗೂ ಎರಡಂಕಿಯ ಸ್ಥಾನ ಸಂಖ್ಯೆ ಇರುತ್ತಿತ್ತು. ಮೊದಲ ಅಂಕಿ ಎಡದಿಂದ ಎಷ್ಟನೇ ಸಾಲು ಅಂತ, ಎರಡನೆಯದು ಆ ಸಾಲಿನಲ್ಲಿ ಎಷ್ಟನೆಯವರು ಅಂತ. 32 ಅಂದರೆ ಮೂರನೇ ಸಾಲಿನ ಎರಡನೇ ಹಡಗು. ನಾವೂ ಹಾಗೇ ಮಾಡೋಣ. ಹಡಗಿನ ಹೆಸರು ಆಮೇಲೆ ಹೇಳಿ, ಮೊದಲು ಸಂಖ್ಯೆ ಹಿಡಿಯಿರಿ. 32 ಬರಲಿಲ್ಲ ಅಂದರೆ 33 ಒಂದು ಹೆಜ್ಜೆ ಮುಂದೆ ಬರುತ್ತದೆ. ಯಾರಿಗೂ ನೆಪ ಹೇಳುವ ಮುಜುಗರ ಇಲ್ಲ, ಮೇಜಿನ ಮೇಲೆ ತೂತೂ ಕಾಣುವುದಿಲ್ಲ.

ಈಗ ಮುಖ್ಯ ವಿಷಯ, ವರ್ಷ. ಹಡಗು ಆರಿಸುವ ಮೊದಲು ಇದು ತೀರ್ಮಾನ ಆಗಲೇಬೇಕು, ಇಲ್ಲದಿದ್ದರೆ ಮೇಜಿನ ಮೇಲೆ ಎಲ್ಲ ಕಾಲದ ಸಂತೆ ಆಗುತ್ತದೆ. ಮೊದಲ ಲಿಬರ್ಟಿ ನೀರಿಗೆ ಇಳಿದದ್ದು 1941ರ ಸೆಪ್ಟೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಕಾನ್ವಾಯ್ ಅಂದರೆ ಲಿಬರ್ಟಿ ಇಲ್ಲವೇ ಇಲ್ಲ. ಫ್ಲವರ್ ಕಾರ್ವೆಟ್ ಕೂಡ ವರ್ಷಕ್ಕೆ ತಕ್ಕ ಹಾಗೆ ಬದಲಾಯಿತು. ಮೊದಲಿನವುಗಳಲ್ಲಿ ಮುಂದಿನ ಎತ್ತರದ ಡೆಕ್ ಗಿಡ್ಡ, ಮಾಸ್ಟ್ (ಕಂಬ) ಬ್ರಿಡ್ಜ್‌ಗಿಂತ (ಹಡಗು ನಡೆಸುವ ಜಾಗ) ಮುಂದೆ. ಆಮೇಲೆ ಆ ಡೆಕ್ ಹಿಂದಕ್ಕೆ ಬೆಳೆಯಿತು, ಮಾಸ್ಟ್ ಬ್ರಿಡ್ಜ್ ಹಿಂದೆ ಹೋಯಿತು. ಕಿಟ್ ಪೆಟ್ಟಿಗೆ ಮೇಲಿನ ಚಿತ್ರ ನಂಬಿ ಕೂತರೆ ಆಗುವುದಿಲ್ಲ.

ನನ್ನ ಮತ 1943ರ ವಸಂತಕ್ಕೆ. ಲಿಬರ್ಟಿಗಳು ಧಾರಾಳವಾಗಿ ಇವೆ, ಹೊಸಬರಿಗೆ ಅವು ಒಳ್ಳೆಯದು, ನೇರವಾದ ದೊಡ್ಡ ಹಲ್, ತಲೆನೋವು ಕಡಿಮೆ. ಬೆಂಗಾವಲು ಹಡಗು ಮಾಡುವವರಿಗೆ ವೆಸ್ಟರ್ನ್ ಅಪ್ರೋಚಸ್ ಅನ್ನುವ ಮರೆಮಾಚುವ ಬಣ್ಣ ಸಿಗುತ್ತದೆ. ಬಿಳಿ ಹಲ್ ಮೇಲೆ ತಿಳಿ ನೀಲಿ, ತಿಳಿ ಹಸಿರು ಪಟ್ಟೆಗಳು. ಅದನ್ನು ರೂಪಿಸಿದ ಪೀಟರ್ ಸ್ಕಾಟ್ ನೌಕಾ ಅಧಿಕಾರಿ, ಜೊತೆಗೆ ಹಕ್ಕಿಗಳ ಚಿತ್ರ ಬಿಡಿಸುವ ಕಲಾವಿದ. ಬೂದು ಬಣ್ಣದ ವ್ಯಾಪಾರಿ ಹಡಗುಗಳ ಪಕ್ಕದಲ್ಲಿ ಅದು ತುಂಬಾ ಚೆನ್ನಾಗಿ ಕಾಣುತ್ತದೆ. ಕಥೆಯೂ ಇದೆ. ಆ ಮೇ ತಿಂಗಳಲ್ಲೇ ಜರ್ಮನ್ ಯು-ಬೋಟ್‌ಗಳು (ಜಲಾಂತರ್ಗಾಮಿಗಳು) ಒಂದರ ಮೇಲೊಂದು ಮುಳುಗಿ, ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್ ಅವುಗಳನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡರು. ನೋಡಿ ಮಾಡಲು ನಿಜವಾದ ಹಡಗುಗಳೂ ಉಳಿದಿವೆ. ಬಾಲ್ಟಿಮೋರ್‌ನಲ್ಲಿ ಜಾನ್ ಡಬ್ಲ್ಯು. ಬ್ರೌನ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರಮಾಯಾ ಒ'ಬ್ರಯನ್, ಎರಡೂ ಲಿಬರ್ಟಿ. ಹ್ಯಾಲಿಫ್ಯಾಕ್ಸ್‌ನಲ್ಲಿ ಕಾರ್ವೆಟ್ ಸ್ಯಾಕ್‌ವಿಲ್ ಇದೆ. ಆದರೆ ಸ್ಯಾಕ್‌ವಿಲ್ ಫೋಟೋ ನೋಡಿ ಕಣ್ಣು ಮುಚ್ಚಿ ನಕಲು ಮಾಡಬೇಡಿ, ಅದನ್ನು 1944ರ ರೂಪಕ್ಕೆ ತಂದು ಇಟ್ಟಿದ್ದಾರೆ.

ದೊಡ್ಡ ಹಡಗು ಬೇಕೇ ಬೇಕು ಅನ್ನುವವರಿಗೂ ಒಂದು ದಾರಿ ಇದೆ. 1941ರ ಫೆಬ್ರವರಿ ಅಂತ ವೋಟು ಹಾಕಿ. ಹ್ಯಾಲಿಫ್ಯಾಕ್ಸ್‌ನಿಂದ ಬ್ರಿಟನ್‌ಗೆ ಹೊರಟ ಎಚ್‌ಎಕ್ಸ್ 106 ಕಾನ್ವಾಯ್ ಜೊತೆ ಹಳೇ ಬ್ರಿಟಿಷ್ ಬ್ಯಾಟಲ್‌ಶಿಪ್ ರಾಮಿಲೀಸ್ ಇತ್ತು. ಅದನ್ನು ಕಂಡು ಜರ್ಮನ್ ಬ್ಯಾಟಲ್‌ಶಿಪ್‌ಗಳಾದ ಶಾರ್ನ್‌ಹೋರ್ಸ್ಟ್, ಗ್ನೈಸೆನಾವ್ ಎರಡೂ ಕೈ ಹಾಕದೆ ತಿರುಗಿ ಹೋದವು. 1/700ರಲ್ಲಿ ರಾಮಿಲೀಸ್ 27 ಸೆಂ.ಮೀ., ಮೇಜಿಗೆ ಭಾರ ಆಗುವುದಿಲ್ಲ. ಆದರೆ ಆಗ ಲಿಬರ್ಟಿ ಹೋಗುತ್ತದೆ, ಹಳೇ ಸರಕು ಹಡಗುಗಳಿಗೆ ರೆಸಿನ್ ಕಿಟ್ ಹುಡುಕುತ್ತಾ ಅಲೆಯಬೇಕು. ಬಿಸ್ಮಾರ್ಕ್ ಇದಕ್ಕೆ ಯಾವ ವರ್ಷದಲ್ಲೂ ಕೂರುವುದಿಲ್ಲ ಸರ್, 1941ರ ಮೇ ತಿಂಗಳಲ್ಲಿ ಒಂದೇ ಸಲ ಹೊರಟು ಅಲ್ಲೇ ಮುಳುಗಿದ ಹಡಗು ಅದು. ಫ್ಲೆಚರ್‌ಗಳ ಕೆಲಸ ಹೆಚ್ಚಾಗಿ ಪೆಸಿಫಿಕ್‌ನಲ್ಲಿ. ಒಟ್ಟು 175 ಕಟ್ಟಿದ್ದರು, ಒಬ್ಬೊಬ್ಬರು ಒಂದೊಂದು ಫ್ಲೆಚರ್ ಮಾಡುವ ಬಿಲ್ಡ್ ಇನ್ನೊಮ್ಮೆ ಇಟ್ಟುಕೊಳ್ಳೋಣ. ಮರದ ಹಡಗು ಮಾಡುವ ನಮ್ಮ ಇಬ್ಬರು ಹಿರಿಯರಿಗೆ ಇದರಲ್ಲಿ ಜಾಗ ಇಲ್ಲ, ಆದರೆ ಸಮುದ್ರ ಮಾಡಲು ಅವರ ಕೈಯೇ ಬೇಕು.

ಸಮುದ್ರವನ್ನು ಒಬ್ಬರೇ ಮಾಡಬೇಕು. ಒಂದೇ ಕೈ, ಒಂದೇ ಬಾಟಲಿ ಬಣ್ಣ. ಎಲ್ಲರೂ ಅವರವರ ನೀರಿನ ತುಂಡು ತಂದರೆ ಅಂಚುಗಳು ಜನ್ಮದಲ್ಲಿ ಕೂಡುವುದಿಲ್ಲ. ಫೋಮ್ ಬೋರ್ಡ್ ಮೇಲೆ ಟಿಶ್ಯೂ, ಬಿಳಿ ಅಂಟು, ಆಮೇಲೆ ಬಣ್ಣ, ಮೇಲೆ ಹೊಳಪಿನ ಜೆಲ್. ಬಣ್ಣ ಬೂದು ಬೆರೆತ ಹಸಿರು ಇರಲಿ. ಪೋಸ್ಟ್‌ಕಾರ್ಡ್ ನೀಲಿ ಹಚ್ಚಿದರೆ ಅದು ಉತ್ತರ ಅಟ್ಲಾಂಟಿಕ್ ಆಗುವುದಿಲ್ಲ. ನಿಧಾನದ ಕಾನ್ವಾಯ್ 7 ನಾಟ್ (ಗಂಟೆಗೆ 13 ಕಿ.ಮೀ.) ಹತ್ತಿರ ಹೋಗುತ್ತಿತ್ತು, ಅದಕ್ಕೆ ಸರಕು ಹಡಗಿನ ಮುಂದೆ ಬೆಟ್ಟದಂಥ ನೊರೆ ಬೇಡ. ಸಾಲಿನ ಹೊರಗೆ ಓಡುತ್ತಿರುವ ಕಾರ್ವೆಟ್‌ಗೆ ಬೇಕಾದರೆ ಜಾಸ್ತಿ ಕೊಡಿ. ಗಾಳಿ ಮುಂದಿನ ಬಲಗಡೆಯಿಂದ ಅಂತ ಈಗಲೇ ಬರೆದಿಡೋಣ. ಎಲ್ಲರ ಬಾವುಟ, ಹೊಗೆ, ಎಲ್ಲ ಹಿಂದಿನ ಎಡಕ್ಕೆ. ಒಬ್ಬರ ಬಾವುಟ ಮುಂದಕ್ಕೆ ಹಾರಿದರೆ ಇಡೀ ಮೇಜು ಸುಳ್ಳು ಅನಿಸುತ್ತದೆ.

ಹಡಗನ್ನು ಸಮುದ್ರಕ್ಕೆ ಅಂಟಿಸುವುದು ಬೇಡ, ಸ್ಕ್ರೂ ಹಾಕೋಣ, ಆಮೇಲೆ ಅವರವರ ಹಡಗು ಅವರವರ ಮನೆಗೆ ಹೋಗಬೇಕಲ್ಲ. ಹಾಗಾದರೆ ಹಲ್ ಒಳಗೆ ನಟ್ ಕೂರಿಸುವುದು ಡೆಕ್ ಅಂಟಿಸುವ ಮೊದಲು. ಲಿಬರ್ಟಿಗೆ ಎಂ3 (3 ಮಿ.ಮೀ.) ಸ್ಕ್ರೂ, ಕಾರ್ವೆಟ್‌ಗೆ ಎಂ2 (2 ಮಿ.ಮೀ.). ದಯವಿಟ್ಟು ಇದನ್ನು ಗ್ರೂಪಿನಲ್ಲಿ ಪಿನ್ ಮಾಡಿ. ಡೆಕ್ ಮುಚ್ಚಿದ ಮೇಲೆ ನೆನಪಾದರೆ ಏನೂ ಮಾಡಲಾಗುವುದಿಲ್ಲ.

ಬಣ್ಣದ ಬ್ರ್ಯಾಂಡ್, ತುಕ್ಕು ಎಷ್ಟು ಹಚ್ಚಬೇಕು, ಇದಕ್ಕೆಲ್ಲ ನಿಯಮ ಬೇಡ. ನಿಜವಾದ ಕಾನ್ವಾಯ್‌ನಲ್ಲೂ ಒಂದು ಹಡಗು ಹೊಸದು, ಪಕ್ಕದ್ದು ತುಕ್ಕಿನ ಮುದ್ದೆ. ಈಗಾಗಲೇ ಶುರು ಮಾಡಿ ಅಟ್ಟ ಸೇರಿದ ಕಿಟ್ ತರಬಹುದಾ ಅಂತ ಅಕ್ಕ ಕೇಳಿದ್ದರು. ಬಣ್ಣ ಹಚ್ಚಿಲ್ಲ ಅಂದರೆ ಧಾರಾಳವಾಗಿ ತನ್ನಿ. ಬಹುಮಾನ ಇಡುವುದಕ್ಕೆ ನನ್ನ ವಿರೋಧ ಇದೆ. ಬಹುಮಾನ ಬಂದರೆ ಜನ ಅರ್ಧ ಆದ ಫೋಟೋ ಹಾಕುವುದಿಲ್ಲ, ಫೋಟೋ ಇಲ್ಲದಿದ್ದರೆ ಇದು ಗ್ರೂಪ್ ಬಿಲ್ಡ್ ಅಲ್ಲ.

ಗಡುವು ಒಂದೇ ಇಟ್ಟರೆ ಸಾಲದು. ಹಡಗು ನಿಲ್ಲುವುದು ಯಾವಾಗ ಅಂತ ನಮಗೆಲ್ಲ ಗೊತ್ತು. ಹಲ್ ಆಯಿತು, ಬಣ್ಣ ಆಯಿತು, ಫೋಟೋ-ಎಚ್ (ತೆಳು ಲೋಹದ) ರೇಲಿಂಗ್ ಹಾಳೆ ಎದುರಿಗೆ ಬಂತು, ಅಲ್ಲಿಗೆ ಪೆಟ್ಟಿಗೆ ಮುಚ್ಚುತ್ತದೆ. ಒಂದು ಮೀಟರ್ ಎತ್ತರದ ರೇಲಿಂಗ್ 1/700ರಲ್ಲಿ ಒಂದೂವರೆ ಮಿ.ಮೀ. ಕೂಡ ಇಲ್ಲ. ಅದಕ್ಕೇ ಎರಡು ದಿನಾಂಕ ಇಡೋಣ. ಮೊದಲನೆಯದಕ್ಕೆ ಬಣ್ಣ ಹಚ್ಚಿದ ಹಡಗು, ರೇಲಿಂಗ್ ಇಲ್ಲ, ರಿಗ್ಗಿಂಗ್ (ಮಾಸ್ಟ್‌ನ ಹಗ್ಗ, ತಂತಿ) ಇಲ್ಲ. ಅಷ್ಟಾದರೂ ಮೇಜಿಗೆ ಬರಲು ಅರ್ಹತೆ ಸಿಕ್ಕಿತು. ಎರಡನೆಯದು ರೇಲಿಂಗ್, ರಿಗ್ಗಿಂಗ್ ಬೇಕಾದವರಿಗೆ. ಸೊಟ್ಟ ರೇಲಿಂಗ್‌ಗಿಂತ ರೇಲಿಂಗ್ ಇಲ್ಲದ್ದೇ ಮೇಲು ಅನ್ನುವುದು ನನ್ನ ಅಭಿಪ್ರಾಯ, ಇದಕ್ಕೆ ಬೈಯುವವರು ಬೈಯಬಹುದು.

ಈಗ ಮಾಡಬೇಕಾದದ್ದು ಎರಡೇ. ಅಣ್ಣಾ, ನೀವು 1941 ಅಥವಾ 1943 ಅಂತ ಒಂದು ಪೋಲ್ ಹಾಕಿ. ಅದು ಮುಗಿದ ಮೇಲೆ ನಾಲ್ಕು ಸಾಲು, ಮೂರು ಹಡಗು ಅಂತ ಖಾಲಿ ಪಟ್ಟಿ ಹಾಕುತ್ತೇನೆ, ಸಂಖ್ಯೆ ಹಿಡಿಯಿರಿ. ಕಾರ್ವೆಟ್ ಹಡಗುಗಳು ಸಾಲಿನ ಹೊರಗೆ, ಅವುಗಳಿಗೆ ಸಂಖ್ಯೆ ಇಲ್ಲ, ಸುಮ್ನೆ ಹೆಸರು ಹೇಳಿದರೆ ಸಾಕು. 23 ಮಾತ್ರ ನನಗೆ ಬಿಡಿ, ಹಿಂದೆ ಇರುವ ರೆಸ್ಕ್ಯೂ ಶಿಪ್ ನಾನು ಮಾಡುತ್ತೇನೆ.