ಗೋಡೆ ಚಿತ್ರ ನೋಡಲು ಬರುತ್ತಿರುವ ಅತ್ತಿಗೆಗೆ, ಜೊತೆಗೆ ಚಿಕ್ಕಪ್ಪನಿಗೂ

ಅತ್ತಿಗೆ, ನಮ್ಮ ಮನೆ ಗ್ರೂಪಲ್ಲಿ ನಿಮ್ಮ ಪುಟ್ಟಿ ಹಾಕಿದ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಈಗ ಕೂತು ನಿಧಾನಕ್ಕೆ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಅಡುಗೆ ಮಾಡ್ತಾ ಕೇಳಿ ಪರವಾಗಿಲ್ಲ. ಪುಟ್ಟಿ ಚರ್ಚ್ ಸ್ಟ್ರೀಟ್ ಗೋಡೆಯ ಫೋಟೋ ಹಾಕಿ "ರಜೆಗೆ ಬೆಂಗಳೂರಿಗೆ ಬರ್ತಿದ್ದೀವಿ, ಇಂಥವು ಇನ್ನೆಲ್ಲಿವೆ, ಲಿಸ್ಟ್ ಕಳಿಸಿ" ಅಂತ ಕೇಳಿದ್ದಾಳೆ. ಅದರ ಕೆಳಗೇ ಚಿಕ್ಕಪ್ಪ "ಗೋಡೆಗೆ ಬಣ್ಣ ಬಳಿಯುವ ದುಡ್ಡಲ್ಲಿ ರಸ್ತೆ ಗುಂಡಿ ಮುಚ್ಚಬಹುದಿತ್ತು" ಅಂತ ಬರೆದಿದ್ದಾರೆ. ಇಬ್ಬರಿಗೂ ಸೇರಿಸಿಯೇ ಉತ್ತರ.

ಮೊದಲು ಪುಟ್ಟಿಗೆ. ಲಿಸ್ಟ್ ಹಿಡಿದುಕೊಂಡು ಓಡಾಡಿದರೆ ಬೆಂಗಳೂರಲ್ಲಿ ಅರ್ಧ ದಿನ ಟ್ರಾಫಿಕ್‌ನಲ್ಲೇ ಹೋಗುತ್ತದೆ. ದೆಹಲಿಯ ಲೋಧಿ ಕಾಲೊನಿ ಬೇರೆ ಥರ. ಅಲ್ಲಿ ಸರ್ಕಾರಿ ಕ್ವಾರ್ಟರ್ಸ್‌ನ ಗೋಡೆಗಳ ಮೇಲೆ ಬೀದಿ ಕಲೆಯ ಸಂಸ್ಥೆಯಾದ ಸ್ಟಾರ್ಟ್ ಇಂಡಿಯಾ ಫೌಂಡೇಶನ್‌ನವರು ಒಂದರ ಪಕ್ಕ ಒಂದು ಚಿತ್ರ ಬರೆಸಿದ್ದಾರೆ, ನಡೆದುಕೊಂಡೇ ಎಲ್ಲ ನೋಡಬಹುದು. ಅವರೇ 2016ರಲ್ಲಿ ಬೆಂಗಳೂರಿಗೂ ಬಂದಿದ್ದರು. ಆದರೆ ನಮ್ಮೂರಲ್ಲಿ ಚಿತ್ರಗಳು ಚದುರಿಕೊಂಡಿವೆ. ಒಂದು ಫ್ಲೈಓವರ್ ಕೆಳಗೆ, ಒಂದು ಶಾಲೆ ಕಾಂಪೌಂಡಿಗೆ, ಒಂದು ಯಾವುದೋ ಸಂದಿಯ ಒಳಗೆ. ಹೋದ ವರ್ಷ ಇದ್ದದ್ದು ಈ ವರ್ಷ ಇರಲ್ಲ. ಹಾಗಾಗಿ ಏರಿಯಾ ಹೇಳುತ್ತೇನೆ, ಎಂಥ ಗೋಡೆ ನೋಡಬೇಕು ಅಂತ ಹೇಳುತ್ತೇನೆ. ಉಳಿದದ್ದನ್ನು ನೀನೇ ಹುಡುಕು, ಅದೇ ಮಜಾ.

ಹುಡುಕುವಾಗ ಒಂದು ಮಾತು ಮನಸ್ಸಲ್ಲಿ ಇಟ್ಟುಕೊಳ್ಳಿ ಎಲ್ಲರೂ. ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಓಡಾಡುವ ಸ್ಪ್ರೇ ಪೇಂಟ್ ಚಿತ್ರಗಳು ಮಾತ್ರ ಗೋಡೆ ಕಲೆ ಅಂತ ಅಂದುಕೊಳ್ಳಬೇಡಿ. ಬೆಂಗಳೂರಿನ ಗೋಡೆಗಳಿಗೆ ಊರಗಲ ಬಣ್ಣ ಬಂದದ್ದು ನಮ್ಮ ಬೋರ್ಡ್ ಬರೆಯುವವರಿಂದ. ಗಾಂಧಿನಗರ, ಕೆ.ಜಿ. ರೋಡ್ ಥಿಯೇಟರ್‌ಗಳ ಮುಂದೆ ರಾಜ್‌ಕುಮಾರ್, ವಿಷ್ಣುವರ್ಧನ್ ಕಟೌಟ್ ಬರೆಯುತ್ತಿದ್ದರಲ್ಲ, ಅವರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಹೋಯಿತು. ಒಂದು ರಾತ್ರಿಯಲ್ಲಿ ಮಷಿನ್ ಪ್ರಿಂಟ್ ಕೊಡುವಾಗ ವಾರಗಟ್ಟಲೆ ಬ್ರಷ್ ಹಿಡಿಯುವವರನ್ನು ಯಾರು ಕರೆಯುತ್ತಾರೆ? 2009ರಲ್ಲಿ ಆಗಿನ ಬಿಬಿಎಂಪಿ ಇವರಲ್ಲಿ ತುಂಬ ಜನರನ್ನು ಕರೆಸಿ ಊರಿನ ಮುಖ್ಯ ರಸ್ತೆಗಳ ಸರ್ಕಾರಿ ಗೋಡೆಗಳಿಗೆ ಚಿತ್ರ ಬರೆಸಿತು. ಜೋಗ, ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಹುಲಿ, ಆನೆ, ಯಕ್ಷಗಾನ. ಆಗ ಕಲೆ ಗೊತ್ತಿರುವವರು ಕೆಲವರು "ಕ್ಯಾಲೆಂಡರ್ ಚಿತ್ರ" ಅಂತ ಮೂಗು ಮುರಿದರು. ನನಗೆ ಅದು ಈಗಲೂ ಬೇಜಾರು. ಬಸ್‌ಸ್ಟಾಪಲ್ಲಿ ನಿಂತ ಮಕ್ಕಳು ಆ ಹುಲಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು, ಅದಕ್ಕಿಂತ ಇನ್ನೇನು ಬೇಕು ಹೇಳಿ.

ನಮ್ಮ ಏರಿಯಾದ ಶಾಲೆ ಕಾಂಪೌಂಡಿಗೆ ಅಂಥ ಒಬ್ಬ ಹಿರಿಯ ಪೇಂಟರ್ ಜೋಗ ಬರೆಯುವುದನ್ನು ನಿಂತು ನೋಡಿದ್ದೇನೆ. ಕೈಯಲ್ಲಿ ಒಂದು ಫೋಟೋ, ಅದರ ಮೇಲೆ ಪೆನ್ನಲ್ಲಿ ಚೌಕ ಚೌಕ ಗೆರೆ. ಗೋಡೆಗೂ ಅಷ್ಟೇ ಚೌಕ ಬೇಕು. ಅದಕ್ಕೆ ಒಂದು ದಾರಕ್ಕೆ ನೀಲಿ ಪುಡಿ ಹಚ್ಚಿ, ಆ ತುದಿ ಹುಡುಗನ ಕೈಗೆ ಕೊಟ್ಟು, ಈ ತುದಿ ತಾವು ಹಿಡಿದು, ಬಿಗಿ ಮಾಡಿ ನಡುವೆ ಎಳೆದು ಬಿಟ್ಟರು. ಟಪ್ ಅಂತ ಗೋಡೆ ಮೇಲೆ ನೇರ ಗೆರೆ ಬಿತ್ತು. ಹೀಗೇ ಇಡೀ ಗೋಡೆ ಚೌಕ ಆಯಿತು. ಆಮೇಲೆ ಒಂದೊಂದು ಚೌಕದಲ್ಲಿ ಇದ್ದದ್ದನ್ನು ಒಂದೊಂದು ಚೌಕಕ್ಕೆ ಸೀಮೆಸುಣ್ಣದಲ್ಲಿ ಇಳಿಸಿದರು. ಬಣ್ಣ ಮೇಲಿಂದ ಕೆಳಗೆ, ಮೊದಲು ಆಕಾಶ, ಯಾಕೆಂದರೆ ಸೋರಿದರೆ ಕೆಳಗಿನದು ಕೆಡಬಾರದು. ಜಲಪಾತಕ್ಕೆ ನೇರ ಬಿಳಿ ಹಚ್ಚಲಿಲ್ಲ. ಮೊದಲು ಬೂದು ನೀಲಿ ಬಳಿದು ಒಣಗಲು ಬಿಟ್ಟರು. ಆಮೇಲೆ ಬ್ರಷ್‌ನ ಬಣ್ಣವನ್ನೆಲ್ಲ ಹಳೇ ಬಟ್ಟೆಗೆ ಒರೆಸಿ, ಉಳಿದ ಚೂರು ಬಿಳಿಯಲ್ಲಿ ಮೇಲಿಂದ ಸರ್ರನೆ ಎಳೆದರು. ಕೂದಲೆಳೆಯಂಥ ಗೆರೆಗಳು ಬಂದವು, ನೀರು ನಿಜವಾಗಿ ಬೀಳುತ್ತಿದೆ ಅನಿಸಿತು. "ಕಟೌಟಲ್ಲಿ ಹೀರೋ ಮೂಗೇ ನನ್ನಷ್ಟು ಉದ್ದ ಇರ್ತಿತ್ತು, ಹತ್ತಿರ ನಿಂತ್ರೆ ಅದು ಮೂಗೋ ಕೆನ್ನೆಯೋ ಗೊತ್ತಾಗಲ್ಲ, ಚೌಕ ನಂಬ್ಕೊಂಡು ಬರೀಬೇಕು" ಅಂದರು.

ಈಗಿನ ಹುಡುಗ ಹುಡುಗಿಯರು ಮಾಡುವುದೂ ಅದೇ ವಿದ್ಯೆ, ದಾರಿ ಮಾತ್ರ ಬೇರೆ. ದೊಡ್ಡ ಗೋಡೆ ಸಿಕ್ಕರೆ ಮೊದಲು ಅದರ ತುಂಬ ಏನೇನೋ ಗೀಚುತ್ತಾರೆ. ಅಕ್ಷರ, ಸೊನ್ನೆ, ಸೊಟ್ಟ ಗೆರೆ, ಬಾಯಿಗೆ ಬಂದ ಹೆಸರು. ನೋಡುವವರಿಗೆ ಇವರು ಗೋಡೆ ಹಾಳು ಮಾಡ್ತಿದ್ದಾರಾ ಅನಿಸಬೇಕು. ಆಮೇಲೆ ಅದರ ಫೋಟೋ ತೆಗೆದು, ಫೋನಲ್ಲಿ ತಮ್ಮ ಸ್ಕೆಚ್ಚನ್ನು ಅದರ ಮೇಲೆ ಕೂರಿಸುತ್ತಾರೆ. ಕಣ್ಣು ಈ ಸೊನ್ನೆ ಪಕ್ಕ ಬರಬೇಕು, ಕೈ ಆ ಗೆರೆ ದಾಟಬೇಕು ಅಂತ ಗುರುತು ಸಿಗುತ್ತದೆ. ಪೂರ್ತಿ ಮುಗಿದ ಚಿತ್ರದಲ್ಲೂ ಬಣ್ಣ ತೆಳುವಾದ ಕಡೆ ಆ ಗೀಚು ಇಣುಕುತ್ತಿರುತ್ತದೆ. ಪುಟ್ಟಿ, ಹತ್ತಿರ ಹೋಗಿ ಅದನ್ನು ಹುಡುಕು. ಸೆಲ್ಫಿ ಆಮೇಲೆ.

ಈಗ ಚಿಕ್ಕಪ್ಪ, ನಿಮ್ಮ ಗುಂಡಿ ವಿಷಯ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ನಾನೂ ದಿನಾ ಅದೇ ಗುಂಡಿಗಳಲ್ಲಿ ಸ್ಕೂಟರ್ ಇಳಿಸುತ್ತೇನೆ. ಆದರೆ ಈ ಊರಲ್ಲಿ ಗುಂಡಿ ಮುಚ್ಚಿಸಿದ್ದರಲ್ಲಿ ಕಲಾವಿದರ ಪಾಲೂ ಇದೆ. ಬಾದಲ್ ನಂಜುಂಡಸ್ವಾಮಿ, ನಮ್ಮ ಮೈಸೂರಿನ ಕಾವಾ ಕಲಾ ಕಾಲೇಜಲ್ಲಿ ಓದಿದ ಕಲಾವಿದರು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ನಿಂತು ಯಾರೂ ಕೇಳುವವರಿಲ್ಲದಾಗ, ಅವರು ಫೈಬರ್‌ನಲ್ಲಿ ಮಾಡಿದ ಮೊಸಳೆ ತಂದು ಆ ನೀರಲ್ಲಿ ಬಿಟ್ಟರು. ಜನ ಸೇರಿದರು, ಪೇಪರ್‌ನಲ್ಲಿ ಬಂತು, ರಸ್ತೆ ರಿಪೇರಿ ಆಯಿತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ 2 ಇಳಿಯುವುದನ್ನು ಇಡೀ ದೇಶ ಕಾಯುತ್ತಿದ್ದಾಗ, ಹೇರೋಹಳ್ಳಿ ಕಡೆ ತುಂಗಾನಗರದ ರಸ್ತೆಯಲ್ಲಿ ಒಬ್ಬರಿಗೆ ಗಗನಯಾತ್ರಿ ಡ್ರೆಸ್ ಹಾಕಿಸಿ ಗುಂಡಿಗಳ ನಡುವೆ ನಿಧಾನಕ್ಕೆ ನಡೆಸಿದರು. ಚಂದ್ರನ ಮೇಲೇ ನಡೆಯುತ್ತಿದ್ದಾರೆ ಅನ್ನುವಾಗ ಪಕ್ಕದಲ್ಲಿ ಆಟೋ ಹೋಗುತ್ತದೆ! ಆ ವೀಡಿಯೋ ನೀವೇ ಈ ಗ್ರೂಪಿಗೆ ಹಾಕಿದ್ದು, ನೆನಪಿದೆಯಾ? ಅಲ್ಲಿಗೂ ರಿಪೇರಿಯವರು ಬೇಗ ಬಂದರು. ಅರ್ಜಿ ಕೊಟ್ಟು ಕೊಟ್ಟು ಸುಸ್ತಾದ ಜನರ ಪರವಾಗಿ ಒಬ್ಬ ಕಲಾವಿದ ಮಾತಾಡಿದರೆ ಅದು ದಂಡದ ಖರ್ಚಲ್ಲ.

ಇನ್ನೊಂದು, ಎಲ್ಲ ಗೋಡೆಗೂ ಪಾಲಿಕೆ ದುಡ್ಡು ಕೊಡುವುದಿಲ್ಲ. ಫ್ಲೈಓವರ್ ಕಂಬಗಳಿಗೆ ತ್ರಿಕೋನ, ಪಟ್ಟೆ ಬರೆದಿರುತ್ತಾರಲ್ಲ, ಅವು ಸುಮಾರು ಕಡೆ 'ದಿ ಅಗ್ಲಿ ಇಂಡಿಯನ್' ಅನ್ನುವ ಗುಂಪಿನವರ ಕೆಲಸ. 2010ರಿಂದ ಇದ್ದಾರೆ, ಹೆಸರು ಹೇಳಿಕೊಳ್ಳುವುದಿಲ್ಲ, ಬೆಳಿಗ್ಗೆ ಬಂದು ಕಸ ಎತ್ತಿ, ಗೋಡೆ ಉಜ್ಜಿ, ಬಣ್ಣ ಹಚ್ಚಿ ಹೋಗುತ್ತಾರೆ. ಕೆಳಗಿನ ಭಾಗಕ್ಕೆ ಕಾವಿ ಬಣ್ಣ ಯಾಕೆ ಅಂದುಕೊಂಡಿರಿ? ಎಲೆಅಡಿಕೆ ಉಗುಳಿದರೂ ಕಲೆ ಎದ್ದು ಕಾಣಬಾರದು ಅಂತ. ಊರನ್ನು ಬಲ್ಲವರ ಬುದ್ಧಿ ಅದು.

ಸರಿ, ಎಲ್ಲಿಗೆ ಹೋಗಬೇಕು. ಕಾರು ಬೇಡ, ಮೆಟ್ರೋ ಸಾಕು. ನೇರಳೆ ಮಾರ್ಗದಲ್ಲಿ ಎಂ.ಜಿ. ರೋಡಿಗೆ ಬನ್ನಿ. ಸ್ಟೇಷನ್ ಪಕ್ಕದಲ್ಲೇ ಹಳೇ ಬುಲೆವಾರ್ಡ್ ಜಾಗದಲ್ಲಿ ರಂಗೋಲಿ ಮೆಟ್ರೋ ಆರ್ಟ್ ಸೆಂಟರ್ ಇದೆ, ನೋಡಿಕೊಂಡು ಹಿಂದಿನ ಚರ್ಚ್ ಸ್ಟ್ರೀಟಿಗೆ ನಡೆಯಿರಿ. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಹೋಗಬೇಕು, ಯಾಕೆಂದರೆ ಶಟರ್ ಮೇಲೆ ಬರೆದ ಚಿತ್ರ ಶಟರ್ ಎತ್ತಿದ ಮೇಲೆ ಕಾಣಲ್ಲ. ಅಡ್ಡ ಗಲ್ಲಿಗಳನ್ನು ಬಿಡಬೇಡಿ. ಅಲ್ಲಿಂದ ಮುಂದಿನ ಸ್ಟೇಷನ್ ಕಬ್ಬನ್ ಪಾರ್ಕ್. ಕಲೆ, ವಿನ್ಯಾಸ ಕಲಿಸುವ ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳು 'ಆರ್ಟ್ ಇನ್ ಟ್ರಾನ್ಸಿಟ್' ಅಂತ ಮೊದಲು ಪೀಣ್ಯ ಸ್ಟೇಷನ್‌ನಲ್ಲಿ, ಆಮೇಲೆ ಇಲ್ಲಿ ಕೆಲಸ ಮಾಡಿದ್ದಾರೆ. ಆಫೀಸಿಗೆ ಓಡುವ ಜನ ತಲೆ ಎತ್ತದೆ ಹೋಗುತ್ತಾರೆ, ನೀವು ಎತ್ತಿ. ಒಳಗೆ ಫೋಟೋ ತೆಗೆಯುವುದಿದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಒಂದು ಮಾತು ಕೇಳಿ.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಒಂದು ಕಡೆ ಕೆ.ಆರ್. ಮಾರ್ಕೆಟ್, ಇನ್ನೊಂದು ಕಡೆ ಮಲ್ಲೇಶ್ವರ. ಕೆ.ಆರ್. ಮಾರ್ಕೆಟ್ ಅಂದಾಗ ಒಂದು ತಂಡದ ಬಗ್ಗೆ ಹೇಳಲೇಬೇಕು. ಅರವಾಣಿ ಆರ್ಟ್ ಪ್ರಾಜೆಕ್ಟ್. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಲ್ಲೇ ಶುರು ಮಾಡಿದ್ದು, ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಮತ್ತು ಇತರ ಮಹಿಳೆಯರು ಸೇರಿ ಗೋಡೆಗಳಿಗೆ ಬಣ್ಣ ಹಾಕುತ್ತಾರೆ. ಮಾರ್ಕೆಟ್ ಕಡೆ ಅವರು "ನಾವು ಇದ್ದೇವೆ" ಅಂತ ದೊಡ್ಡದಾಗಿ ಬರೆದು ಮುಖಗಳನ್ನು ಚಿತ್ರಿಸಿದ್ದರು. ಯೋಚನೆ ಮಾಡಿ ಅತ್ತಿಗೆ, ಸಿಗ್ನಲ್‌ನಲ್ಲಿ ನಾವು ಕಾರಿನ ಗ್ಲಾಸ್ ಏರಿಸಿಕೊಳ್ಳುವುದು ಯಾರನ್ನು ನೋಡಿಯೋ, ಅವರೇ ಸಾರುವೆ ಹತ್ತಿ ಇಡೀ ಊರಿಗೆ ಕಾಣುವ ಹಾಗೆ ತಮ್ಮ ಮುಖ ಬರೆದರು. 2024ರಲ್ಲಿ ಇದೇ ತಂಡ ಇಟಲಿಯ ವೆನಿಸ್ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲೂ ಗೋಡೆ ಬರೆದು ಬಂತು. ಪುಟ್ಟಿಗೆ ಇದನ್ನು ಬಿಡಿಸಿ ಹೇಳಿ, ಅವಳಿಗೆ ಅರ್ಥ ಆಗುವ ವಯಸ್ಸು.

ಮಲ್ಲೇಶ್ವರದಲ್ಲಿ ಮುಖ್ಯ ರಸ್ತೆ ಬಿಟ್ಟು ಮನೆಗಳ ಹಿಂದಿನ ಕನ್ಸರ್ವೆನ್ಸಿ ಲೇನ್‌ಗಳಿಗೆ ಹೋಗಿ. 1898ರ ಪ್ಲೇಗ್ ಆದ ಮೇಲೆ ಗಾಳಿ ಬೆಳಕು ಇರಲಿ ಅಂತ ಕಟ್ಟಿದ ಬಡಾವಣೆ ಅದು. ಹಿಂದಿನ ಓಣಿ ಇದ್ದದ್ದು ಮಲ ಹೊರುವವರು ಬಂದು ಹೋಗಲು. ಆಮೇಲೆ ಅವು ಕಸ ಹಾಕುವ ಜಾಗ ಆದವು. ಈಗ ಕೆಲವು ಕಡೆ ಸ್ವಚ್ಛ ಮಾಡಿ ಗೋಡೆಗೆ ಬಣ್ಣ ಹಾಕಿದ್ದಾರೆ, ನಡೆಯಲು ಚೆನ್ನಾಗಿದೆ.

ಅಪ್ಪು ಚಿತ್ರಗಳನ್ನಂತೂ ಹುಡುಕಬೇಕಾಗಿಲ್ಲ. 2021ರ ಅಕ್ಟೋಬರ್ ಆದ ಮೇಲೆ ಪುನೀತ್ ನಗು ಇಲ್ಲದ ಏರಿಯಾ ಇಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ, ಹುಡುಗರು ತಾವೇ ಚಂದಾ ಎತ್ತಿ ಬರೆಸಿದ್ದು. ಕೆಲವದರಲ್ಲಿ ಮುಖ ಅಷ್ಟಾಗಿ ಹೋಲಲ್ಲ, ಆದರೂ ಅವೂ ಈ ಊರಿನ ಕಲೆಯೇ, ಬಿಡಬೇಡಿ.

ಬೇಗ ಬನ್ನಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಇವು ಉಳಿಯಲ್ಲ. ನಮ್ಮ ಮನೆ ಹತ್ತಿರದ ಅಂಡರ್‌ಪಾಸ್‌ನಲ್ಲಿ ಒಂದು ಮಂಗಟ್ಟೆ ಹಕ್ಕಿ ಇತ್ತು, ಹಳದಿ ಕೊಕ್ಕು, ರೆಕ್ಕೆ ಬಿಚ್ಚಿ ಹಾರುವ ಹಾಗೆ. ಈಗ ಅದರ ಮೈ ತುಂಬ ಪಿಜಿ, ಟ್ಯೂಷನ್, ಮನೆ ಬಾಡಿಗೆಗೆ ಪೋಸ್ಟರ್. ಕೊಕ್ಕಿನ ತುದಿ ಮಾತ್ರ ಕಾಣುತ್ತದೆ. ಪೋಸ್ಟರ್ ಅಂಟಿಸಬಾರದು ಅಂತ 1981ರಿಂದಲೇ ಕಾನೂನಿದೆ, ಅಂಟಿಸುವವರಿಗೆ ಭಯ ಇಲ್ಲ. ಇನ್ನು ಕೆಲವು ಗೋಡೆಗೆ ನೀರು ಜಿನುಗಿ ಉಪ್ಪು ಬಂದು ಬಣ್ಣ ಹಪ್ಪಳ ಎದ್ದು ಉದುರುತ್ತದೆ. ಕೆಲವನ್ನು ರಸ್ತೆ ಅಗಲ ಮಾಡಲು ಒಡೆಯುತ್ತಾರೆ. ಗೋಡೆಗೆ ಬರೆಯುವವರಿಗೆ ಇದೆಲ್ಲ ಗೊತ್ತು, ಗೊತ್ತಿದ್ದೂ ಬಿಸಿಲಲ್ಲಿ ನಿಂತು ಬರೆಯುತ್ತಾರೆ. ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ.

ಹಾಗಾಗಿ ಪುಟ್ಟಿಗೆ ಒಂದು ಕೆಲಸ ಕೊಡುತ್ತೇನೆ. ಯಾವ ಚಿತ್ರ ಕಂಡರೂ ಮೂರು ಫೋಟೋ ತೆಗೆ. ದೂರದಿಂದ ಒಂದು, ರಸ್ತೆ, ಅಂಗಡಿ, ಮರ ಎಲ್ಲ ಬರುವ ಹಾಗೆ. ಹತ್ತಿರದಿಂದ ಒಂದು, ಬ್ರಷ್ ಗುರುತು ಕಾಣುವ ಹಾಗೆ. ಮೂರನೆಯದು ಮೂಲೆಯದು, ಬರೆದವರ ಹೆಸರು ಅಲ್ಲೇ ಇರುತ್ತದೆ. ಕೆಳಗೆ ರಸ್ತೆ ಹೆಸರು, ತಾರೀಕು ಹಾಕಿ ಈ ಗ್ರೂಪಿಗೇ ಕಳಿಸು. ಯಾರಾದರೂ ಬರೆಯುತ್ತಾ ಇರುವುದು ಕಂಡರೆ ನಿಲ್ಲು, ನಮಸ್ಕಾರ ಹೇಳು, ಏನು ಬರೀತಿದ್ದೀರಿ ಅಂತ ಕೇಳು. ತುಂಬ ಜನ ಖುಷಿಯಿಂದ ಹೇಳುತ್ತಾರೆ. ಅತ್ತಿಗೆ, ನೀವು ಅವರಿಗೆ ಒಂದು ಟೀ ಕೊಡಿಸಿ.

ಶನಿವಾರ ಬೆಳಿಗ್ಗೆ ಏಳಕ್ಕೆ ಎಂ.ಜಿ. ರೋಡ್ ಸ್ಟೇಷನ್ ಕೆಳಗೆ ಸಿಗೋಣ, ತಿಂಡಿ ಆಮೇಲೆ ಅಲ್ಲೇ ಎಲ್ಲಾದರೂ. ನಡೆಯಲು ಆಗುವ ಚಪ್ಪಲಿ ಹಾಕಿಕೊಳ್ಳಿ, ನೀರಿನ ಬಾಟಲ್ ತನ್ನಿ. ಚಿಕ್ಕಪ್ಪ, ನೀವೂ ಬರಬೇಕು. ಕೆ.ಜಿ. ರೋಡ್ ಕಟೌಟ್ ಕಾಲದ ಕಥೆ ನಮ್ಮಲ್ಲಿ ಗೊತ್ತಿರುವುದು ನಿಮಗೆ ಒಬ್ಬರಿಗೇ, ಯಾವ ಥಿಯೇಟರ್ ಮುಂದೆ ಯಾರ ಕಟೌಟ್ ಎಷ್ಟು ಎತ್ತರ ನಿಂತಿತ್ತು ಅಂತ ಪುಟ್ಟಿಗೆ ನೀವೇ ಹೇಳಬೇಕು. ಬರುತ್ತೀರೋ ಇಲ್ಲವೋ ರಾತ್ರಿಯೊಳಗೆ ತಿಳಿಸಿ.