ಪದಚರ್ಚೆ: ‘ಕೆಫೆ ರೇಸರ್’ಗೆ ಕನ್ನಡದಲ್ಲಿ ಏನು ಬರೆಸಲಿ? (ಬೋರ್ಡಿಗೆ, ತುರ್ತು)

ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ನಾನು, ನನ್ನ ತಮ್ಮ ಸೇರಿ ಗ್ಯಾರೇಜು ನಡೆಸುತ್ತೇವೆ. ಹಳೇ ಜಾವಾ, ಯೆಜ್ಡಿ ಗಾಡಿಗಳೇ ನಮ್ಮ ಕೆಲಸ. ಈಚೆಗೆ ಹುಡುಗರು ಯೆಜ್ಡಿಯ ರೋಡ್‌ಕಿಂಗ್ ತಂದು ನಿಲ್ಲಿಸಿ ‘ಇದನ್ನ ಕೆಫೆ ರೇಸರ್ ಮಾಡಿಕೊಡಿ’ (ಅಂದರೆ ಬಾಗಿ ಕೂತು ಓಡಿಸುವ ರೇಸಿನ ಬೈಕಿನ ಹಾಗೆ) ಅಂತ ಕೇಳುವುದು ಜಾಸ್ತಿ ಆಗಿದೆ. ಅದಕ್ಕೇ ಅಂತ ಬೇರೆ ಶೆಡ್ಡು ಹಾಕಿದ್ದೇವೆ. ಬೋರ್ಡು ಬರೆಸಬೇಕು. ಪೇಂಟರು ಶನಿವಾರ ಬರುತ್ತಾರೆ.

ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನುವುದು 2024ರ ತಿದ್ದುಪಡಿಯಿಂದ ಕಾನೂನೇ ಆಗಿದೆ. ಕಾನೂನು ಇಲ್ಲದಿದ್ದರೂ ನಾವು ಕನ್ನಡದಲ್ಲೇ ಬರೆಸುತ್ತಿದ್ದೆವು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಇದು. ಈ ಊರಲ್ಲೇ ಅದಕ್ಕೆ ಕನ್ನಡದ ಬೋರ್ಡು ಇಲ್ಲ ಅಂದರೆ ಹೇಗೆ?

ತಮ್ಮ ಬರೆದುಕೊಟ್ಟಿದ್ದು: ‘ವಿಂಟೇಜ್ ಬೈಕ್ ಕಸ್ಟಮೈಸೇಷನ್, ಕೆಫೆ ರೇಸರ್ ಸ್ಪೆಷಲಿಸ್ಟ್ಸ್’. ಇದು ನನಗೆ ಒಪ್ಪಿಗೆಯಿಲ್ಲ.

ಕೆಲಸ ಏನು ಅಂತ ಗೊತ್ತಾದರೆ ನಿಮಗೆ ಪದ ಹೊಳೆಯಬಹುದು. ಎತ್ತರದ ಹ್ಯಾಂಡ್ಲು ತೆಗೆದು, ಎರಡು ಫೋರ್ಕಿಗೂ ಒಂದೊಂದು ಗಿಡ್ಡ ಹಿಡಿ ಬಿಗಿಯುತ್ತೇವೆ. ಸವಾರ ಟ್ಯಾಂಕಿನ ಮೇಲೆ ಬಾಗುತ್ತಾನೆ. ಬಾಗಿದ ಮೇಲೆ ಕಾಲು ಹಿಂದಕ್ಕೆ ಹೋಗಲೇಬೇಕು, ಫುಟ್‌ರೆಸ್ಟ್ ಹಿಂದೆ ಸರಿಸುತ್ತೇವೆ. ಯೆಜ್ಡಿಯಲ್ಲಿ ನಿಜವಾದ ತಲೆನೋವು ಇಲ್ಲೇ ಇರುವುದು. ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ಕೆಳಗೆ ಬಂದರೆ ಗೇರು. ಕಾಲು ಹಿಂದೆ ಹೋದರೆ ಗೇರು ಎಟುಕುವುದಿಲ್ಲ. ಕಂಬಿ ಕೊಟ್ಟು ಗೇರನ್ನು ಹಿಂದಕ್ಕೆ ತಂದರೆ, ಆ ಕಂಬಿ ಕಿಕ್ ಹೊಡೆಯೋಕೆ ಬಿಡುವುದಿಲ್ಲ. ಅದಕ್ಕೆ ನನ್ನ ತಮ್ಮ, ಕೈಯಲ್ಲೇ ಎಳೆದು ತೆಗೆಯುವ ಪಿನ್ನು ಮಾಡಿದ್ದಾನೆ. ಪಿನ್ನು ಎಳೆದು ಕಿಕ್ ಹೊಡೆಯಬೇಕು, ಮತ್ತೆ ಸಿಕ್ಕಿಸಬೇಕು. ಆಮೇಲೆ ಹಿಂದುಗಡೆ ಉಬ್ಬಿದ ಒಂಟಿ ಸೀಟು.

ಒಳಗೆ ಹಾಕುವ ದರಪಟ್ಟಿಗೆ ಆ ಸೀಟಿಗೂ ಒಂದು ಹೆಸರು ಬೇಕು. ದಯವಿಟ್ಟು ಶುಕ್ರವಾರದೊಳಗೆ ಹೇಳಿ.

ಬೆಂಗಳೂರಿನಿಂದ

ಮೊದಲು ‘ವಿಂಟೇಜ್’ ಕಿತ್ತುಹಾಕಿ. ಅದು ದ್ರಾಕ್ಷಿ ಕೊಯ್ಲಿನ ಮಾತು. ಲ್ಯಾಟಿನ್ನಿನ ವಿಂಡೇಮಿಯಾ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಹಾಗಾಯಿತು. ವೈನಿನ ವರ್ಷ ಹೇಳುವ ಪದವನ್ನು ಬಂಡಿಗೆ ಅಂಟಿಸಿದವರು ಅವರು. ನಾವ್ಯಾಕೆ ಹೊರಬೇಕು? ಅದೂ ಅಲ್ಲದೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅಂದರೆ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನ. ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ನೀವು ಮೂಲರೂಪ ಬದಲಿಸುವವರು. ಎರಡು ಕಡೆಯಿಂದಲೂ ತಪ್ಪು.

ಕೆಫೆ ರೇಸರ್‌ಗೆ ‘ಓಟಬಂಡಿ’. ಎರಡೂ ನಮ್ಮ ಮಾತೇ. ಯಾರಾದರೂ ‘ವೇಗಬಂಡಿ’ ಅಂತ ಬರೆಯುವ ಮೊದಲೇ ಹೇಳುತ್ತೇನೆ: ಅದು ಸಂಸ್ಕೃತಕ್ಕೆ ಕನ್ನಡ ಕೂಡಿಸಿದ ಅರಿಸಮಾಸ. ಬೇಡ.

ಧಾರವಾಡದಿಂದ

ರಾಯರೇ, ಓಟಬಂಡಿ ಅಂದರೆ ನಮ್ಮ ಕಡೆ ಜನ ಎತ್ತು ಹುಡುಕುತ್ತಾರೆ. ಖಾಲಿ ಗಾಡಾ ಓಡಿಸುವ ಸ್ಪರ್ಧೆ ಇಲ್ಲಿ ಈಗಲೂ ನಡೆಯುತ್ತದೆ. ಮೋಟರ್ ಸೈಕಲ್ಲಿಗೆ ನಮ್ಮ ಹಿರಿಯರು ಇಟ್ಟ ಹೆಸರು ಫಟಫಟಿ. ಅನುಕರಣ ಪದ. ಕಿವಿಯಿಂದ ಹುಟ್ಟಿದ್ದು. ಇಂಥ ಪದ ಇದ್ದೂ ಬಿಟ್ಟಿದ್ದೇವಲ್ಲ ಅನ್ನುವುದು ನನ್ನ ಬೇಸರ. ‘ಓಟದ ಫಟಫಟಿ’ ಅಂತ ಬರೆಸಿ.

ಸೀಟಿಗೆ ‘ಡುಬ್ಬದ ಸೀಟು’. ಇದರಲ್ಲಿ ಚರ್ಚೆ ಬೇಡ.

ಚಿಕ್ಕಮಗಳೂರಿನಿಂದ

ಎಲ್ಲರೂ ‘ರೇಸರ್’ ಹಿಂದೆ ಬಿದ್ದಿದ್ದೀರಿ, ‘ಕೆಫೆ’ ಬಿಟ್ಟೇಬಿಟ್ಟಿರಿ. ಅರಬ್ಬಿಯ ಕಹ್ವಾ, ತುರ್ಕಿಯಲ್ಲಿ ಕಹ್ವೆ, ಇಟಲಿಯಲ್ಲಿ ಕಫ್ಫೆ. ನಮ್ಮ ‘ಕಾಫಿ’ಯೂ ಇದೇ ಮನೆಯದು. ಬಾಬಾ ಬುಡನ್ ಹೆಸರಿನ ಗಿರಿ ಇರುವ ಊರಿನವನು ನಾನು. ‘ಕೆಫೆ’ ಹೊರಗಿನದು ಅಂತ ಯಾರಾದರೂ ಹೇಳಿದರೆ ಒಪ್ಪಲಾರೆ. ಹಳೇ ಮೈಸೂರಿನವರು ‘ಕಾಫಿ ಕ್ಲಬ್ಬು’ ಅನ್ನುತ್ತಿದ್ದರಲ್ಲ, ಅದನ್ನು ತನ್ನಿ. ‘ಕಾಫಿ ಕ್ಲಬ್ ಗಾಡಿ’.

ಶಿವಮೊಗ್ಗದಿಂದ

ಕಾಫಿಯನ್ನು ದಯವಿಟ್ಟು ಇಲ್ಲಿಗೆ ಎಳೆಯಬೇಡಿ. ಆ ಕೆಫೆ ಕಾಫಿಗೆ ಹೆಸರಾದದ್ದೇ ಅಲ್ಲ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆ 1938ರಲ್ಲಿ ಶುರುವಾದದ್ದು ಲಾರಿಯವರಿಗಾಗಿ. ಟ್ರಾನ್ಸ್‌ಪೋರ್ಟ್ ಕೆಫೆ ಅನ್ನುತ್ತಿದ್ದರು. ನಮ್ಮ ಲೆಕ್ಕದಲ್ಲಿ ಹೈವೇ ಬದಿಯ ಹೋಟ್ಲು. ಚಹಾ, ಮೊಟ್ಟೆ, ಬ್ರೆಡ್ಡು. ಯುದ್ಧ ಮುಗಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಕಾರ್ಮಿಕರ ಮಕ್ಕಳು 1950ರ, 60ರ ದಶಕಗಳಲ್ಲಿ ಅಲ್ಲಿ ಬೈಕು ತಂದು ಸೇರುತ್ತಿದ್ದರು. ಗಂಟೆಗೆ 100 ಮೈಲಿ ಮುಟ್ಟುವುದು ಅವರ ಹಟ. ಬೇಡದ ತಗಡೆಲ್ಲ ಬಿಚ್ಚಿ ಹಗುರ ಮಾಡಿದರು, ಹ್ಯಾಂಡ್ಲು ಇಳಿಸಿದರು. ಟ್ರಯಂಫ್ ಎಂಜಿನನ್ನು ನಾರ್ಟನ್ನಿನ ಫೆದರ್‌ಬೆಡ್ ಚಾಸಿಯಲ್ಲಿ ಕೂರಿಸಿದರು. ಎರಡು ಹೆಸರೂ ಸೇರಿಸಿ ಅದಕ್ಕೆ ‘ಟ್ರೈಟನ್’ ಅಂದರು. ‘ಜಾವಾ’ ಕೂಡ ಹೀಗೇ ಹುಟ್ಟಿದ್ದು ತಾನೇ? 1929ರಲ್ಲಿ ಯಾನೆಚೆಕ್ (Janeček) ಅನ್ನುವ ಯಜಮಾನನ ಹೆಸರಿನ ಮೊದಲ ಎರಡಕ್ಷರ, ವಾಂಡರರ್ (Wanderer) ಕಂಪನಿಯ ಮೊದಲ ಎರಡಕ್ಷರ.

ಹಾಗಾಗಿ ಕೆಫೆ ರೇಸರ್ ಒಂದು ಕಾಲದ, ಒಂದು ಜಾಗದ ಹೆಸರು. ಬಿಡಿಸಿ ಅನುವಾದ ಮಾಡುವ ಪದವಲ್ಲ. ಹಾಗೇ ಬರೆಯಬೇಕು. ಇನ್ನು ಫಟಫಟಿ ಬುಲೆಟ್ಟಿಗೆ ಸರಿ. ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಅದರ ಸದ್ದೇ ಬೇರೆ. ಧಾರವಾಡದ ಸರ್ ಕಿವಿಯ ಮಾತೆತ್ತಿದ್ದಕ್ಕೆ ಹೇಳುತ್ತಿದ್ದೇನೆ.

ಬೆಂಗಳೂರಿನಿಂದ

‘ಹಾಗೇ ಬರೆಯಬೇಕು’ ಅನ್ನುವುದು ಸೋಲೊಪ್ಪಿಕೊಂಡವರ ಮಾತು. ಮೇಡಂ, ರೈಲು, ಬಸ್ಸು ಬಂದಾಗಲೂ ಹೀಗೇ ಅಂದೆವು. ಪ್ರತಿ ಸಲವೂ ‘ಇದೊಂದು ಪದ ತಾನೇ’ ಅನ್ನುತ್ತೇವೆ. ಆಮೇಲೆ ವಾಕ್ಯದಲ್ಲಿ ಕ್ರಿಯಾಪದ ಒಂದೇ ಕನ್ನಡ ಉಳಿಯುತ್ತದೆ. ಮೈಸೂರಿನವರ ತಮ್ಮ ಬರೆದುಕೊಟ್ಟ ಬೋರ್ಡು ನೋಡಿ. ಅದರಲ್ಲಿ ಕ್ರಿಯಾಪದವೂ ಇಲ್ಲ.

ಶಿವಮೊಗ್ಗದಿಂದ

ಬೋರ್ಡಿಗೆ ಕ್ರಿಯಾಪದ ಯಾಕೆ ಬೇಕು ಸರ್? ನಿಮ್ಮ ‘ಬಂಡಿ’ಯನ್ನು ಇಂಗ್ಲಿಷಿನವರು ಬ್ಯಾಂಡಿ ಅಂತ ತೆಗೆದುಕೊಂಡರು, ಹಾಬ್ಸನ್ ಜಾಬ್ಸನ್ ಕೋಶದಲ್ಲಿ ಇವತ್ತೂ ಇದೆ. ಅದರಿಂದ ಇಂಗ್ಲಿಷು ಹಾಳಾಗಲಿಲ್ಲ. ‘ಜೂಜು’ ದ್ಯೂತದ ತದ್ಭವ, ನಾವು ಕುದುರೆ ಜೂಜು ಅಂದಿದ್ದೇವೆ. ಅದನ್ನೂ ಬಿಡೋಣವೇ? ಸಂಸ್ಕೃತ, ಪ್ರಾಕೃತದಿಂದ ಬಂದರೆ ತದ್ಭವ ಅಂತ ಮರ್ಯಾದೆ, ಇಂಗ್ಲಿಷಿನಿಂದ ಬಂದರೆ ಸೋಲು. ಈ ಅಳತೆ ಯಾವ ವ್ಯಾಕರಣದ್ದು?

ಬೆಂಗಳೂರಿನಿಂದ

ಕೇಶಿರಾಜನದು. ಅಪಭ್ರಂಶ ಪ್ರಕರಣ ಓದಿ. ಪದ ನಮ್ಮ ಬಾಯಿಗೆ ತಕ್ಕಂತೆ ಬದಲಾದರೆ ನಮ್ಮದು. ‘ಕಸ್ಟಮೈಸೇಷನ್’ ಬದಲಾಗಿದೆಯೇ?

ಹುಬ್ಬಳ್ಳಿಯಿಂದ

ಪದದ ಜಗಳದಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ‘ಮಾರ್ಪಾಡು’ ಅನ್ನುವ ಪದವನ್ನು ಯಾರೂ ಸೂಚಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದರ ಬಗ್ಗೆಯೇ ಇದೆ. ಕಂಪನಿಯ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ‘ಮಾರ್ಪಡಿಸಿಕೊಡಲಾಗುವುದು’ ಅಂತ ಬೋರ್ಡು ಹಾಕಿದರೆ ನೀವೇ ಕರೆದು ತೋರಿಸಿದ ಹಾಗೆ. ಮೈಸೂರಿನವರೇ, ಚಾಸಿ ಕುಯ್ಯುವ ಕೆಲಸ ಮಾಡುತ್ತಿದ್ದರೆ ಪದಕ್ಕಿಂತ ಮೊದಲು ವಕೀಲರನ್ನು ನೋಡಿ.

ಮೈಸೂರಿನಿಂದ

ಇಲ್ಲ ಸರ್, ಚಾಸಿ ಮುಟ್ಟುವುದಿಲ್ಲ. ಎಂಜಿನ್ ನಂಬರು, ಚಾಸಿ ನಂಬರು ಇದ್ದ ಹಾಗೇ ಇರುತ್ತವೆ. ಎಲ್ಲ ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸ. ಕಳಚಿದ ಹ್ಯಾಂಡ್ಲು, ಸೀಟು, ಮಡ್‌ಗಾರ್ಡು ಮೂಟೆ ಕಟ್ಟಿ ಗಿರಾಕಿಗೇ ಕೊಡುತ್ತೇವೆ, ಬೇಕಾದಾಗ ವಾಪಸ್ ಹಾಕಿಕೊಳ್ಳಬಹುದು. ಆದರೂ ವಕೀಲರನ್ನು ಕೇಳುತ್ತೇನೆ.

‘ಹಳೇ ಗಾಡಿ’ ಅಂತ ಬರೆಸಿದರೆ ಗುಜರಿ ಅಂಗಡಿ ಅಂದುಕೊಳ್ಳುತ್ತಾರಾ? ಅದೊಂದು ಭಯ.

ಮಂಡ್ಯದಿಂದ

ತಡವಾಗಿ ಬರುತ್ತಿದ್ದೇನೆ. ಮೈಸೂರಿನವರು ಕೇಳಿದ್ದು ಮುಖ್ಯವಾಗಿ ‘ಕಸ್ಟಮ್’ ಬಗ್ಗೆ ಅಂತ ನನಗನಿಸುತ್ತದೆ. ನೀವೆಲ್ಲ ‘ಕೆಫೆ ರೇಸರ್’ ಹಿಡಿದು ಎಳೆದಾಡುತ್ತಿದ್ದೀರಿ. ಕೆಫೆ ರೇಸರ್ ಒಂದು ಮಾದರಿಯ ಹೆಸರು. ಎನ್‌ಫೀಲ್ಡಿನವರು 2013ರಲ್ಲಿ ಕಾಂಟಿನೆಂಟಲ್ ಜಿಟಿ ತಂದಾಗಿಂದ ನಮ್ಮ ಹುಡುಗರ ಬಾಯಲ್ಲಿ ಅದು ಇದೆ. ಅದನ್ನು ಕಿತ್ತರೆ ಬಂದ ಗಿರಾಕಿ ವಾಪಸ್ ಹೋಗುತ್ತಾನೆ.

‘ಕಸ್ಟಮ್’ಗೆ ಮಾತ್ರ ನಮ್ಮಲ್ಲಿ ದಿನಾ ಆಡುವ ಮಾತೇ ಇದೆ. ‘ಹೇಳಿ ಮಾಡಿಸಿದ’. ಚಪ್ಪಲಿ, ಒಡವೆ, ಬೀರು ಎಲ್ಲಕ್ಕೂ ಅನ್ನುತ್ತೇವೆ. ‘ಕೊಂಡದ್ದಲ್ಲ, ಹೇಳಿ ಮಾಡಿಸಿದ್ದು’. ಕೊಂಡದ್ದಕ್ಕೂ ಮಾಡಿಸಿದ್ದಕ್ಕೂ ಇರುವ ವ್ಯತ್ಯಾಸ ಅದರಲ್ಲೇ ಇದೆ. ಇಬ್ಬರಿಗೆ ಸರಿಯಾಗಿ ಒಪ್ಪಿದಾಗಲೂ ‘ಹೇಳಿ ಮಾಡಿಸಿದ ಜೋಡಿ’ ಅನ್ನುತ್ತೇವಲ್ಲ, ಆ ಅರ್ಥವೂ ಸುಮ್ನೆ ಜೊತೆಗೆ ಬರುತ್ತದೆ. ಸವಾರನ ಬೆನ್ನು, ಕೈ, ಕಾಲಿನ ಅಳತೆ ನೋಡಿ ಮಾಡುವ ಗಾಡಿಗೆ ಇದಕ್ಕಿಂತ ಒಳ್ಳೇ ಮಾತು ನನಗೆ ತೋಚುವುದಿಲ್ಲ. ಇದರಲ್ಲಿ ಸಮಾಸವಿಲ್ಲ. ಅರಿಯೂ ಇಲ್ಲ, ಮಿತ್ರನೂ ಇಲ್ಲ. ರಾಯರಿಗೂ ತಕರಾರಿರಲಾರದು.

ಇನ್ನು ಕ್ರಿಯಾಪದ. ಲಾರಿಗೆ ‘ಬಾಡಿ ಕಟ್ಟುವುದು’ ಅನ್ನುತ್ತೇವೆ. ನೀವೂ ‘ಕಟ್ಟಿಕೊಡುತ್ತೇವೆ’ ಅನ್ನಿ. ಹುಬ್ಬಳ್ಳಿಯವರು ಹೇಳಿದ ಆ ಪದವೂ ತಪ್ಪುತ್ತದೆ. ಆದರೆ ‘ಬಂಡಿ ಕಟ್ಟುವುದು’ ಅಂತ ಮಾತ್ರ ಬರೆಸಬೇಡಿ. ಬಂಡಿ ಕಟ್ಟುವುದು ಅಂದರೆ ಎತ್ತು ಹೂಡುವುದು. ‘ಗಾಡಿ’ ಅನ್ನಿ. ಮೈಸೂರಿನಿಂದ ಬೀದರಿನ ತನಕ ಬೈಕಿಗೆ ಜನ ಗಾಡಿ ಅಂತಲೇ ಅನ್ನುವುದು.

‘ಹಳೇ’ ಒಂಟಿಯಾಗಿ ನಿಂತರೆ ಗುಜರಿಯ ವಾಸನೆ ಬರುತ್ತದೆ, ನಿಜ. ಪಕ್ಕದಲ್ಲೇ ಹೆಸರು ಇಡಿ. ‘ಹಳೇ ಜಾವಾ, ಯೆಜ್ಡಿ’ ಅಂದರೆ ಯಾರೂ ಗುಜರಿ ಅನ್ನುವುದಿಲ್ಲ. ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ಕಾಲದ ಗಾಡಿ ಇಟ್ಟುಕೊಂಡವರಿಗೆ ಆ ‘ಹಳೇ’ಯೇ ಹೆಮ್ಮೆ.

ಸೀಟಿಗೆ ನಮ್ಮ ಕಡೆ ‘ಹಿಣಿಲು’. ಎತ್ತಿನ ಹೆಗಲ ಮೇಲಿನ ಉಬ್ಬು. ಡುಬ್ಬಕ್ಕಿಂತ ಖಚಿತವಾದ ಪದ.

ಧಾರವಾಡದಿಂದ

ಹಿಣಿಲು ಎತ್ತಿಗೆ ಮುಂದೆ ಇರುತ್ತದೆ. ಈ ಸೀಟಿನ ಉಬ್ಬು ಹಿಂದೆ. ಡುಬ್ಬವೇ ಸರಿ.

‘ಹೇಳಿ ಮಾಡಿಸಿದ’ ಒಪ್ಪಿದೆ.

ಬೆಂಗಳೂರಿನಿಂದ

‘ಹೇಳಿ ಮಾಡಿಸಿದ’ ಬಹಳ ಚೆನ್ನಾಗಿದೆ. ಇದನ್ನೇ ನಾನು ಹೇಳುತ್ತಿರುವುದು. ಹುಡುಕಿದರೆ ಇರುತ್ತದೆ, ಹುಡುಕುವ ಮೊದಲೇ ಕೈ ಚೆಲ್ಲುತ್ತೇವೆ. ‘ಕೆಫೆ ರೇಸರ್’ ವಿಷಯದಲ್ಲಿ ನನ್ನ ವಿರೋಧ ಹಾಗೇ ಇದೆ. ‘ಗಾಡಿ’ಯೂ ಪ್ರಾಕೃತದ್ದು, ಆದರೆ ಬಾಯಿಗೆ ಒಗ್ಗಿದೆ, ಇರಲಿ.

ಶಿವಮೊಗ್ಗದಿಂದ

‘ಬಾಯಿಗೆ ಒಗ್ಗಿದೆ, ಇರಲಿ’ ಅಂದಿರಲ್ಲ ಸರ್, ‘ಕೆಫೆ ರೇಸರ್’ಗೂ ನಾನು ಕೇಳಿದ್ದು ಅಷ್ಟೇ. ಯೆಜ್ಡಿ ಅನ್ನುವ ಹೆಸರನ್ನೇ ನೋಡಿ. ಇರಾನಿನ ಯಜ್ದ್ ಊರಿನಿಂದ ಬಂತು ಅನ್ನುವವರಿದ್ದಾರೆ, ಚೆಕ್ ಭಾಷೆಯಲ್ಲಿ ‘ಯೆಜ್ದೀ’ ಅಂದರೆ ಸವಾರಿ ಹೋಗುತ್ತಾನೆ ಅಂತ ಅರ್ಥ ಅನ್ನುವವರೂ ಇದ್ದಾರೆ. ಎಲ್ಲಿಂದಲೇ ಬರಲಿ, ಮೈಸೂರಿನವರಿಗೆ ಅದು ಮನೆಮಾತು. ಯಾರೂ ಅದಕ್ಕೆ ಕನ್ನಡದ ಹೆಸರು ಕೊಡಿ ಅಂತ ಕೇಳಲಿಲ್ಲ.

ಮೈಸೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೂ ಓದಿ ಹೇಳಿದೆ. ಕೇಳಿದ ಕೂಡಲೇ ಒಪ್ಪಿದ. ಹೀಗೆ ಬರೆಸುತ್ತಿದ್ದೇವೆ:

ಹಳೇ ಜಾವಾ, ಯೆಜ್ಡಿ ಗಾಡಿಗಳು
ಹೇಳಿ ಮಾಡಿಸಿದ ಕೆಫೆ ರೇಸರ್‌ಗಳು
ನಿಮ್ಮ ಅಳತೆಗೆ ಕಟ್ಟಿಕೊಡುತ್ತೇವೆ

ದರಪಟ್ಟಿಯಲ್ಲಿ ‘ಡುಬ್ಬದ ಸೀಟು’. ಒಂದೇ ಅನುಮಾನ ಉಳಿದಿದೆ. ಪೇಂಟರಿಗೆ ಅಳತೆಗೆ ಅಂತ ಡಿಟಿಪಿ ಅಂಗಡಿಯಲ್ಲಿ ಪ್ರಿಂಟು ತೆಗೆಸಿದರೆ ‘ರೇಸರ್ಗಳು’ ಅಂತ ಬಂದಿದೆ, ‘ಗ’ ಪಕ್ಕ ಅರ್ಕಾವೊತ್ತು ಕೂತಿದೆ. ಇದು ಸರಿಯಾ?

ಬೆಂಗಳೂರಿನಿಂದ

ಸರಿಯಲ್ಲ. ಹಾಗೆ ಬರೆದರೆ ‘ಸ್ವರ್ಗ’ ಓದಿದ ಹಾಗೆ ಓದಬೇಕಾಗುತ್ತದೆ. ಇದಕ್ಕೆ ಮದ್ದು ‘ರೇಸರು’. ಕಾರ್ ಅನ್ನುವುದು ಕಾರು ಆಯಿತು, ಟ್ಯಾಂಕ್ ಟ್ಯಾಂಕು ಆಯಿತು, ಪೇಂಟರ್ ಪೇಂಟರು ಆದರು. ಕೊನೆಗೆ ಉಕಾರ ಹಚ್ಚಿದರೆ ವಿಭಕ್ತಿಯೂ ಬಹುವಚನವೂ ತಾವಾಗಿ ಕೂರುತ್ತವೆ: ರೇಸರು, ರೇಸರನ್ನು, ರೇಸರಿಗೆ, ರೇಸರುಗಳು. ‘ಬಸ್ಸು’ವಿನ ಹಾಗೆ ಒತ್ತು ಬೇಡ. ಅಲ್ಲಿ ಹಿಂದಿನ ಸ್ವರ ಗಿಡ್ಡ, ಪದವೂ ಒಂದೇ ಅಕ್ಷರದ್ದು. ‘ಕೆಫೆ ರೇಸರುಗಳು’ ಅಂತಲೇ ಬರೆಸಿ.

ಶಿವಮೊಗ್ಗದಿಂದ

ರಾಯರೇ, ಹಾಗಾದರೆ ಪದ ನಮ್ಮ ಬಾಯಿಗೆ ಬದಲಾಯಿತು. ಇನ್ನಾದರೂ ನಮ್ಮದು ಅನ್ನಿ.

ಬೆಂಗಳೂರಿನಿಂದ

‘ರೇಸರು’ ಒಪ್ಪುತ್ತೇನೆ. ‘ಕೆಫೆ’ ಇನ್ನೂ ಇಲ್ಲ.